ನನ್ನಾಕೆಗೆ ಹಿಮ ತೋರಿಸಿದ್ದು

ನೈರೋಬಿಯ ಲೊರೆಶೋದಲ್ಲಿ, ಭೂಮಧ್ಯರೇಖೆಯ ಹಿತ್ತಲು ಅನ್ನಬಹುದಾದ ಜಾಗದಲ್ಲಿ, ಅರವತ್ತು ದಾಟಿದ ನನ್ನ ಹೆಂಡತಿ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ತೊಟ್ಟು, ತಲೆಗೆ ಮಂಕಿ ಕ್ಯಾಪ್ ಏರಿಸಿ, ಹೋಳಿಗೆಯ ಕಣಕ ನಾದುವ ತಟ್ಟೆಯಲ್ಲಿ ಕೂತು ಇಳಿಜಾರಿನಲ್ಲಿ ಸುಯ್ಯನೆ ಜಾರಿಕೊಂಡು ಹೋದಳು. ಏನಾಗಿರಬಹುದು, ಊಹಿಸಿ ನೋಡೋಣ.

ಆಗಲಿಲ್ಲವೇ? ನಿಮ್ಮ ತಪ್ಪಲ್ಲ. ಹವಾಮಾನ ಹೇಳುವ ಚಟ ಹತ್ತಿದವನ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮೈಸೂರಿನ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದ ಮೇಲೆ ನಾವಿಬ್ಬರೂ ಮಗಳು ಅಳಿಯನ ಜೊತೆ ಇರಲು ಇಲ್ಲಿಗೆ ಬಂದೆವು. ಬ್ಯಾಂಕಿನ ಕೆಲಸದ ಅಳಿಯ, ಮಾವನಿಗೆ ಹೊತ್ತು ಹೋಗಲಿ ಎಂದು ಒಂದು ಟ್ಯಾಬ್ಲೆಟ್ ಕೊಡಿಸಿದರು. ಅದರಲ್ಲಿ ಹವಾಮಾನದ ಆ್ಯಪ್ ಇತ್ತು. ಮಿಕ್ಕದ್ದಕ್ಕೆ ಅವರೇ ಹೊಣೆ.

ಸಂಡಿಗೆಯ ಪಾಲು

ನನ್ನ ಕೀರ್ತಿ ಬೇಗ ಹಬ್ಬಿತು. ಒಂದು ದಿನ ಬೆಳಿಗ್ಗೆ ಊರಿನ ಇನ್ನೊಂದು ತುದಿಯ ಲಂಗಾಟಾದಿಂದ ನಮ್ಮವರೇ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು.

"ಅಂಕಲ್, ಇವತ್ತು ಮಳೆ ಬರುತ್ತಾ? ಸಂಡಿಗೆ ಹಾಕೋಣ ಅಂತ."

"ನಲವತ್ತು ಪರ್ಸೆಂಟ್ ಇದೆಯಮ್ಮ" ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಮೇಷ್ಟ್ರು ಹೇಗಾದೇನು? ಸಂಭವನೀಯತೆ ಎಂದರೇನು, ಹಿಂದೂ ಮಹಾಸಾಗರದ ಗಾಳಿ ಯಾವ ಕಡೆಯಿಂದ ಬರುತ್ತದೆ, ಎಲ್ಲ ವಿವರಿಸಿದೆ. ಪಾಪ, ಕೇಳಿಸಿಕೊಂಡಳು. ಕೊನೆಗೆ, "ಅಂಕಲ್, ಹಿಟ್ಟು ಆರ್ತಾ ಇದೆ. ಹಾಕ್ಲಾ, ಬೇಡ್ವಾ?"

"ಹಾಕು, ಹಾಕು."

ಮಧ್ಯಾಹ್ನ ಮಳೆ ಹೊಯ್ದಿತು. ಸಂಜೆ ಅವಳ ಗಂಡ ಕಾರಿನಲ್ಲಿ ಬಂದು ಒಂದು ಡಬ್ಬ ಕೊಟ್ಟು ಹೋದ. ತೆಗೆದರೆ ಒಳಗೆ ಗಂಜಿ. ಮೇಲೊಂದು ಚೀಟಿ: "ಅಂಕಲ್, ನಿಮ್ಮ ನಲವತ್ತು ಪರ್ಸೆಂಟ್."

ಬೆಳ್ಳಗಿರುವುದೆಲ್ಲ

ನನ್ನಾಕೆಗೆ ಮೊದಲಿನಿಂದ ಒಂದೇ ಆಸೆ, ಹಿಮ ಮುಟ್ಟಬೇಕು. ಬರೀ ನೋಡಿದರೆ ಸಾಲದು, ಕೈಯಲ್ಲಿ ಹಿಡಿಯಬೇಕು. ಒಮ್ಮೆ ಫ್ರೀಜರ್ ಬಾಗಿಲು ತೆಗೆದು, "ಬಾರೆ, ಮುಟ್ಟು" ಅಂದಿದ್ದೆ. ಅವತ್ತು ನನ್ನನ್ನು ಊಟಕ್ಕೆ ಯಾರೂ ಕರೆಯಲಿಲ್ಲ.

ಆ ವರ್ಷ ಏಪ್ರಿಲ್ ರಜೆಗೆ ಅಳಿಯ ಯೂರೋಪಿನ ಒಂದು ಸ್ಕೀ ರಿಸಾರ್ಟಿನಲ್ಲಿ ರೂಮು ಹಿಡಿದರು. ಬೇಡವೆಂದರೆ ಯುಗಾದಿಯ ಹಿಂದಿನ ದಿನದೊಳಗೆ ರದ್ದು ಮಾಡಬಹುದಿತ್ತು. "ಮಾವ, ಹಿಮ ಇರುತ್ತೋ ಇಲ್ಲವೋ ನೀವು ನೋಡಿ ಹೇಳಿ. ನಿಮ್ಮ ಮಾತೇ ಕೊನೆ" ಎಂದರು. ಇವಳು ಆಗಲೇ ಮನೆಮಂದಿಗೆಲ್ಲ ಸ್ವೆಟರ್ ಹೆಣೆಯಲು ಕೂತಾಗಿತ್ತು.

ರಿಸಾರ್ಟಿನವರು ಬೆಟ್ಟದ ಬುಡದಲ್ಲಿ ಕ್ಯಾಮೆರಾ ಇಟ್ಟು, ಅದರ ಚಿತ್ರವನ್ನು ಇಂಟರ್ನೆಟ್ಟಿಗೆ ಬಿಡುತ್ತಿದ್ದರು. ಸೋಮವಾರ ನೋಡಿದೆ, ಅಚ್ಚ ಬಿಳುಪು. ಮಂಗಳವಾರ, ಬುಧವಾರವೂ ಅದೇ. ಮನೆಯವರನ್ನೆಲ್ಲ ಕರೆದು ತೋರಿಸಿದೆ.

"ನೆಲ ಯಾವುದು, ಆಕಾಶ ಯಾವುದು ಗೊತ್ತಾಗಲ್ಲ, ಅಷ್ಟು ಹಿಮ."

"ಮರಗಿಡ ಒಂದೂ ಇಲ್ವೇನ್ರೀ ಅಲ್ಲಿ?" ಎಂದಳು ಇವಳು.

"ಮುಚ್ಚಿಹೋಗಿವೆ ಕಣೆ."

ಗುರುವಾರ ಮಧ್ಯಾಹ್ನ ಮೊಮ್ಮಗಳು ಟ್ಯಾಬ್ಲೆಟ್ ಹಿಡಿದು ಓಡಿ ಬಂದಳು. "ತಾತ, ಲುಕ್, ದೇರ್ ಈಸ್ ಎ ಮ್ಯಾನ್." ಮೂರು ದಿನ ಕ್ಯಾಮೆರಾಕ್ಕೆ ಮುಸುಕಿದ್ದ ಬಿಳಿ ಕಾವಳ ಸರಿದು ಚಿತ್ರ ತಿಳಿಯಾಗಿತ್ತು. ಹಚ್ಚಹಸಿರು ಹುಲ್ಲು. ನಡುವೆ ಒಂದು ಬೆಂಚು. ಬೆಂಚಿನ ಮೇಲೆ ಅಂಗಿ ಬಿಚ್ಚಿ ಬಿಸಿಲಿಗೆ ಮೈ ಕಾಯಿಸುತ್ತ ಒಬ್ಬ ಗಂಡಸು ಐಸ್‌ಕ್ರೀಮ್ ತಿನ್ನುತ್ತಿದ್ದ.

ಯಾರ ತಲೆಯ ಮೇಲಿನ ಹಿಮ

"ಮಾವ, ಆ್ಯಪ್ ನೋಡಿ ಹತ್ತು ಸೆಂಟಿಮೀಟರ್ ಹೊಸ ಹಿಮ ಅಂದಿದ್ರಲ್ಲ?" ಅಳಿಯ ಮೆಲ್ಲಗೆ ಕೇಳಿದರು.

ಮತ್ತೆ ನೋಡಿದೆ. ಹತ್ತು ಸೆಂಟಿಮೀಟರ್ ನಿಜವೇ, ಆದರೆ ಅದು ಶಿಖರದ ಲೆಕ್ಕ. ನಮ್ಮ ಹೋಟೆಲು ಬುಡದಲ್ಲಿ. ಅಲ್ಲಿ ಸೊನ್ನೆಗಿಂತ ಎಷ್ಟೋ ಮೇಲಿನ ಉಷ್ಣಾಂಶ, ಮೇಲೆ ಹಿಮವಾಗಿ ಹೊರಟದ್ದು ಕೆಳಗೆ ಬರುವಷ್ಟರಲ್ಲಿ ಮಳೆ. ಮೌಂಟ್ ಕೆನ್ಯಾದ ತುದಿಯ ಹವಾಮಾನ ಓದಿ, ಕೆಳಗೆ ನೈರೋಬಿಯ ಕರೆನ್ ಬಡಾವಣೆಯಲ್ಲಿ ಕಂಬಳಿ ಹೊದ್ದು ಕೂತ ಹಾಗಾಗಿತ್ತು ನನ್ನ ಕಥೆ.

"ಮೇಲಕ್ಕೇ ಹೋಗೋಣ. ತಂತಿಗೆ ನೇತುಬಿಟ್ಟ ಕುರ್ಚಿ ಇರುತ್ತೆ, ಕೂತರೆ ಆಯ್ತು" ಎಂದೆ.

"ದಸರಾ ವಸ್ತುಪ್ರದರ್ಶನದ ಜಾಯಿಂಟ್ ವ್ಹೀಲನ್ನೇ ಹತ್ತದವಳು ನಾನು" ಎಂದಳು ಇವಳು.

ಶುಕ್ರವಾರ ನಾನು "ಬೇಡ" ಅಂದೆ. ಅಳಿಯ ರದ್ದು ಮಾಡಿದರು. ಇವಳು ಸ್ವೆಟರುಗಳನ್ನೆಲ್ಲ ಮಡಿಸಿ, ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟಳು. ಬೈದಿದ್ದರೆ ಸಮಾಧಾನವಿರುತ್ತಿತ್ತು. ಮುಚ್ಚಳ ಹಾಕುತ್ತ ಇಷ್ಟೇ ಕೇಳಿದಳು: "ಮುಂದಿನ ಜನ್ಮದಲ್ಲಿ ಎಷ್ಟು ಪರ್ಸೆಂಟ್ ಇದೆ, ನೋಡಿ ಹೇಳ್ರೀ."

ಹೊರಗೇ ಊಟ

ಮಾರನೇ ದಿನ ಯುಗಾದಿ. ಹತ್ತಾರು ಮನೆಯವರು ನಮ್ಮಲ್ಲಿಗೆ ಬಂದಿದ್ದರು. ಬೇವು ಬೆಲ್ಲ ಆಯಿತು. ವಯಸ್ಸಿನಲ್ಲಿ ಹಿರಿಯನೆಂದು ಪಂಚಾಂಗ ಓದುವ ಕೆಲಸ ನನಗೇ ಬಿತ್ತು. ವರ್ಷದ ಮಳೆ ಬೆಳೆ ಓದಿ ಮುಗಿಸುವಷ್ಟರಲ್ಲಿ ಸಂಡಿಗೆಯ ಹೆಣ್ಣುಮಗಳು, "ವರ್ಷದ್ದು ಇರಲಿ ಅಂಕಲ್, ಇವತ್ತಿನದು ಹೇಳಿ. ಎಲೆ ಒಳಗೆ ಹಾಕೋದೋ, ಹೊರಗೋ?" ಎಂದಳು.

ಎಲ್ಲರೂ ನನ್ನನ್ನೇ ನೋಡಿದರು, ಇವಳೊಬ್ಬಳನ್ನು ಬಿಟ್ಟು. ಟ್ಯಾಬ್ಲೆಟ್ ತೆಗೆದೆ. ದುಂಡನೆಯ ಸೂರ್ಯನ ಚಿತ್ರ, ಮಳೆ ಐದೇ ಪರ್ಸೆಂಟ್.

"ಧಾರಾಳವಾಗಿ ಹೊರಗೆ."

ತೋಟದಲ್ಲಿ ಬಾಳೆಲೆ ಹಾಸಿದರು. ಕೋಸಂಬರಿ, ಪಲ್ಯ, ಚಿತ್ರಾನ್ನ ಬಡಿಸಿ ಆಯಿತು. ಹೋಳಿಗೆಗೆ ತುಪ್ಪ ಬರುತ್ತಿದೆ ಅನ್ನುವಾಗ ಲಿಮುರು ಕಡೆಯಿಂದ ಕಪ್ಪನೆಯ ಮೋಡವೊಂದು ಗುಡುಗುತ್ತ ಬಂತು. ಟಪ್ ಎಂದು ಅಳಿಯನ ಸಾರಿನಲ್ಲಿ ಏನೋ ಬಿತ್ತು. ಆಮೇಲೆ ನನ್ನ ಬೋಳುತಲೆಯ ಮೇಲೆ. ಆಲಿಕಲ್ಲು. ಎಲ್ಲರೂ ಹೋಳಿಗೆಯನ್ನಷ್ಟೇ ಎದೆಗವುಚಿಕೊಂಡು ವರಾಂಡಕ್ಕೆ ಓಡಿದೆವು.

ಮೋಡ ದಾಟಿದಾಗ ತೋಟವಿಡೀ ಬೆಳ್ಳಗಿತ್ತು. ಹುಲ್ಲು ಕಾಣಲಿಲ್ಲ, ಬಾಳೆಲೆಯೂ ಕಾಣಲಿಲ್ಲ. ತೋಟದ ಮಾಲಿ ಹಬ್ಬದೂಟದ ಗತಿ ನೋಡಿ, "ಪೋಲೆ ಸಾನಾ, ಮ್ಜೇ", ಪಾಪ ಯಜಮಾನರೇ, ಎಂದು ಸ್ವಾಹಿಲಿಯಲ್ಲಿ ನನ್ನನ್ನು ಸಂತೈಸಿದ. ಸಂಡಿಗೆಯವಳು ಬಾಯಿ ತೆರೆಯಲು ಹೊರಟಳು. ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ನನ್ನಾಕೆ ಬರಿಗಾಲಲ್ಲಿ ತೋಟದ ನಡುವೆ ನಿಂತಿದ್ದಳು. ಬೊಗಸೆ ತುಂಬ ಆಲಿಕಲ್ಲು. ಅದನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಸರಸರ ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದಾಯಿತು.

"ಎಲ್ಲರೂ ಸ್ವೆಟರ್ ಹಾಕ್ಕೊಳ್ಳಿ. ಕರಗೋದ್ರೊಳಗೆ" ಎಂದು ಹೊರಗೆ ಬಂದಳು. ಕೈಯಲ್ಲಿ ಕಣಕದ ತಟ್ಟೆ. ನಮ್ಮ ತೋಟ ಗೇಟಿನ ಕಡೆಗೆ ಇಳಿಜಾರು. ತಟ್ಟೆಯಲ್ಲಿ ಕೂತು, "ರೀ, ನೋಡ್ತಾ ನಿಂತಿದ್ದೀರಲ್ಲ, ತಳ್ಳಿ" ಎಂದಳು. ತಳ್ಳಿದೆ. ದಾಸವಾಳದ ಬೇಲಿಯವರೆಗೂ ಹೋಗಿ ನಿಂತು, ನುಸಿಗುಳಿಗೆಯ ವಾಸನೆ ಬೀರುತ್ತ ಎದ್ದು, "ಇನ್ನೊಂದು ಸಲ" ಎಂದಳು.

ಮೂರನೇ ಸಲಕ್ಕೆ ಮೊಮ್ಮಗಳನ್ನೂ ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕಡೆ ತಿರುಗಿ ಕೇಳಿದಳು: "ಆ್ಯಪ್ ಏನನ್ನುತ್ತೆ ಈಗ?"

ನೋಡಿದೆ. ಇನ್ನೂ ದುಂಡನೆಯ ಸೂರ್ಯ.

"ಸುಮ್ನಿರಿ, ಅದನ್ನ ಎಬ್ಬಿಸಬೇಡಿ" ಎಂದಳು. "ನೀವಿಬ್ಬರೂ ತಪ್ಪು ಹೇಳಿದಾಗಲೇ ನನಗೆ ಒಳ್ಳೇದಾಗೋದು."

ಇದೆಲ್ಲ ನಡೆದದ್ದು ವಿಕಾರಿ ಸಂವತ್ಸರದ ಮೊದಲನೇ ದಿನ, ಎರಡು ಸಾವಿರದ ಹತ್ತೊಂಬತ್ತನೇ ಇಸವಿ, ಏಪ್ರಿಲ್ ಆರು, ಶನಿವಾರ.