ಮೂರನೇ ಚರಣದ ಓಟ

ಮಗಳು: ಅಪ್ಪಾ, ಕಂಪ್ಯೂಟರಿಗೆ ನಿಮ್ಮ ಮೇಲೆ ಯಾವ ಹಗೆನೂ ಇಲ್ಲ. ಇದ್ದದ್ದನ್ನ ಇದ್ದ ಹಾಗೆ ತೋರಿಸ್ತಿದೆ, ಅಷ್ಟೆ.

ಮೇಷ್ಟ್ರು: ಇದ್ದದ್ದನ್ನಲ್ಲ, ಇಲ್ಲದ್ದನ್ನ. ನಾನು ತಾಳ ಬಿಟ್ಟು ಓಡಿಲ್ಲ. ಓಡಿದ್ದು ನಿಮ್ಮಮ್ಮ. ಅವಳನ್ನ ಹಿಡಿಯೋಕೆ ನಾನು ಹಿಂದೆ ಹೋದೆ.

ಮಗಳು: ಹಿಂದೆ ಹೋದವರು ಮುಂದೆ ಯಾಕಿದ್ದೀರಿ? ಇಲ್ಲಿ ನೋಡಿ, ಮೇಲಿನ ಗೆರೆ ನಿಮ್ಮ ಡ್ರಮ್ಸು. ಕೆಳಗಿನದು ಅಮ್ಮನ ಚಪ್ಪಾಳೆ. ಮೂರನೇ ಚರಣ ಶುರುವಾದ ಮೇಲೆ ಪ್ರತಿ ಸಲವೂ ನೀವೇ ಮೊದಲು.

ಮೇಷ್ಟ್ರು: ನಿನ್ನ ಟೇಬಲ್ಲು ಸ್ವಲ್ಪ ವಾಲಿದೆ ಅನ್ಸುತ್ತೆ.

ಮೇಷ್ಟ್ರು ಎಂದರೆ ಮಗ್ಗಿ ಹೇಳಿಕೊಟ್ಟವರಲ್ಲ. ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ, ಅರ್ಧ ಊರಿಗೆ ಕ್ಲಚ್ಚು ಬ್ರೇಕುಗಳ ವ್ಯತ್ಯಾಸ ತಿಳಿಸಿಕೊಟ್ಟವರು. ಅದಕ್ಕೂ ಮೊದಲು, ತಲೆಯಲ್ಲಿ ಬಾಚಲು ಬೇಕಾದಷ್ಟು ಕೂದಲಿದ್ದ ಕಾಲದಲ್ಲಿ, ಅವರು ಒಂದು ಡ್ಯಾನ್ಸ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದರು. ಎಂಬತ್ತರ ದಶಕದಲ್ಲಿ ಆ ಬ್ಯಾಂಡು ಒಂದೇ ಒಂದು ಡಿಸ್ಕೋ ಹಾಡನ್ನು ರೆಕಾರ್ಡ್ ಮಾಡಿತು. ಹಾಡು ಗೆದ್ದಿತು, ಗೆದ್ದದ್ದು ಯಾರಿಂದ ಎಂಬ ಜಗಳದಲ್ಲಿ ಬ್ಯಾಂಡು ಒಡೆಯಿತು. ಮೇಷ್ಟ್ರು ಈ ಭೂಮಿಯ ಮೇಲೆ ಬಾರಿಸಿದ್ದಕ್ಕೆ ಉಳಿದಿರುವ ಸಾಕ್ಷಿ ಎಂದರೆ ಆ ನಾಲ್ಕೂವರೆ ನಿಮಿಷ ಮಾತ್ರ. ಹಾಗಾಗಿ ಅದನ್ನು ಅವರು ಮನೆಗೆ ಬಂದ ನೆಂಟರಿಗೂ, ಗ್ಯಾಸ್ ತಂದವನಿಗೂ, ರಿವರ್ಸ್ ಕಲಿಯುತ್ತ ಬೆವರುತ್ತಿದ್ದ ಪಾಪದವರಿಗೂ ತಪ್ಪದೆ ಕೇಳಿಸಿದ್ದರು.

ಮಗಳ ಕಸುಬು ಹಳೆಯ ಡಿಸ್ಕೋ ಹಾಡುಗಳ ರೀಮಿಕ್ಸ್. ಹಾಡನ್ನು ಬಿಚ್ಚಿ, ಒಳಗಿನ ಸಾಮಾನನ್ನೆಲ್ಲ ತೊಳೆದು, ಈಗಿನವರು ಕುಣಿಯಲು ಹೊಂದುವಂತೆ ಮತ್ತೆ ಜೋಡಿಸುವುದು. ಹಿಂದಿನ ಕೋಣೆಯ ಗೋಡೆಗಳಿಗೆ ಸ್ಪಂಜು ಅಂಟಿಸಿ, ಡ್ರೈವಿಂಗ್ ಸ್ಕೂಲಿನ ಹಳೇ ಬೋರ್ಡುಗಳನ್ನು ಮೂಲೆಗೆ ಸರಿಸಿ, ಅಲ್ಲೇ ಅಂಗಡಿ ತೆರೆದಿದ್ದಳು. ಈ ತಿಂಗಳು ಕ್ಯಾಸೆಟ್ ಕಂಪನಿಯವರು ಕಳಿಸಿದ ಹಾಡುಗಳಲ್ಲಿ ಅಪ್ಪನ ಹಾಡೂ ಇತ್ತು. ಆ ಕಾಲದ ಟೇಪಿನಲ್ಲಿ ಒಂದೊಂದು ವಾದ್ಯವೂ ಬೇರೆ ಬೇರೆಯಾಗಿಯೇ ಉಳಿದಿತ್ತು. ಡ್ರಮ್ಸನ್ನು ಒಂಟಿಯಾಗಿ ಕೇಳಬಹುದು ಎಂದು ತಿಳಿದಾಗ ಮೇಷ್ಟ್ರು ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂತಿದ್ದರು.

ಕೇಳಿದ್ದೇ ತಪ್ಪಾಯಿತು. ಮೊದಲೆರಡು ಚರಣಗಳಲ್ಲಿ ನಿಮಿಷಕ್ಕೆ ನೂರಹದಿನೆಂಟು ಬೀಟು. ಮೂರನೆಯದರಲ್ಲಿ ನೂರಿಪ್ಪತ್ತು, ನೂರಿಪ್ಪತ್ತಮೂರು, ಕೊನೆಗೆ ನೂರಿಪ್ಪತ್ತಾರು. ಹಾಡು ಓಡುತ್ತದೆ ಎಂಬುದು ಹೊಸ ಸುದ್ದಿಯೇನಲ್ಲ. ಆದರೆ ಓಡಿಸಿದವರು ಯಾರೆಂಬುದು ಆ ಮನೆಯಲ್ಲಿ ನಲವತ್ತು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು. ಚಪ್ಪಾಳೆ ತಟ್ಟಿದ ಹುಡುಗಿ ಅವಸರದವಳು, ಅವಳೇ ಮುಂದೆ ಮೇಷ್ಟ್ರ ಹೆಂಡತಿಯಾದಳು, ಅವಳ ಮಾನ ಉಳಿಸಲು ಮೇಷ್ಟ್ರು ತಾವೂ ಓಡಿದರು, ಇದು ತೀರ್ಪು. ತೀರ್ಪು ಕೊಟ್ಟವರೂ ಮೇಷ್ಟ್ರೇ.

ಗದ್ದಲ ಕೇಳಿ ಹೆಂಡತಿ ಪದಬಂಧದ ಪೇಪರು ಹಿಡಿದುಕೊಂಡೇ ಬಾಗಿಲಿಗೆ ಬಂದರು.

ಹೆಂಡತಿ: ಏನಂತೆ?

ಮಗಳು: ಅಮ್ಮಾ, ನೀನು ಓಡಿಲ್ಲ. ಅಪ್ಪ ಓಡಿದ್ದು. ನೀನು ಪಾಪ ಹಿಂದೆ ಓಡೋಡಿ ಬಂದು ಸೇರಿಕೊಂಡಿದ್ದೀಯ.

ಹೆಂಡತಿ: ನಮ್ಮ ಮದುವೆ ದಿನ ಇವರಪ್ಪ ನನಗೆ ಏನು ಹೇಳಿದ್ರು ಗೊತ್ತಾ? "ನಿಧಾನ ಕಲಿಯಮ್ಮ" ಅಂದ್ರು. ನಾನು ತಲೆ ತಗ್ಗಿಸಿ ಹೂಂ ಅಂದಿದ್ದೆ.

ಮೇಷ್ಟ್ರು: ಟೇಪು ಹಳೇದು ಕಣೇ. ಹಿಗ್ಗಿರುತ್ತೆ.

ಹೆಂಡತಿ: ನಿಮ್ಮ ಭಾಗದಲ್ಲಿ ಮಾತ್ರ ಹಿಗ್ಗಿತಾ?

ಮೇಷ್ಟ್ರು ಸುಲಭಕ್ಕೆ ಸೋಲುವವರಲ್ಲ. ತಪ್ಪನ್ನು ಮೊದಲು ಮೈಕಿನ ಮೇಲೆ ಹಾಕಿದರು, ಆಮೇಲೆ ಕುರ್ಚಿಯ ಮೇಲೆ, ಆಮೇಲೆ ಬೇಸ್ ಗಿಟಾರಿನವನ ಮೇಲೆ. ಬೇಸ್ ಗಿಟಾರಿನವನಿಗೆ ಫೋನೂ ಮಾಡಿದರು. ಅವನು ಈಗ ಕನ್ನಡಕದ ಅಂಗಡಿ ಇಟ್ಟುಕೊಂಡು ಮೊಮ್ಮಕ್ಕಳ ಜೊತೆ ಸುಖವಾಗಿದ್ದ. ಇವರು ಬಾಯಿ ಬಿಡುವ ಮೊದಲೇ, "ಏನಪ್ಪಾ, ಮೂರನೇ ಚರಣದ ವಿಷಯನಾ? ನೀನು ಓಡಿದ್ದು ನಮಗೆಲ್ಲ ಅವತ್ತೇ ಗೊತ್ತಿತ್ತು, ಹೇಳೋದು ಯಾಕೆ ಅಂತ ಸುಮ್ಮನಿದ್ವಿ" ಎಂದುಬಿಟ್ಟ. ಫೋನು ಸ್ಪೀಕರಿನಲ್ಲಿತ್ತು. ಹೆಂಡತಿ ಪದಬಂಧದಲ್ಲಿ ಏನೋ ತುಂಬಿಸುತ್ತಿರುವಂತೆ ನಟಿಸಿದರು.

ಇಷ್ಟಾದರೂ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ. ಮಗಳ ಮುಂದಿನ ಮಾತು ಅವರ ಎದೆಗೆ ನಾಟಿತು. ಈಗಿನವರು ಕುಣಿಯುವ ಜಾಗದಲ್ಲಿ ಹಾಡಿಗೆ ಹಾಡು ಅಂಟಿಸಿ ಹಾಕುತ್ತಾರೆ, ಬೀಟು ಒಂದು ಕೂದಲಷ್ಟೂ ಅಲುಗಬಾರದು, ಆದ್ದರಿಂದ ಡ್ರಮ್ಸು ತೆಗೆದು ಯಂತ್ರದ ಬೀಟು ಹಾಕಬೇಕಾಗುತ್ತದೆ ಎಂದಳು. ಅಮ್ಮನ ಚಪ್ಪಾಳೆ ಇರುತ್ತದಂತೆ. ಚಪ್ಪಾಳೆಯನ್ನು ಕತ್ತರಿಸಿ ಸರಿಸಬಹುದಂತೆ.

ಮೇಷ್ಟ್ರು: ಹಾಗಾದ್ರೆ ನನ್ನದು ಅಂತ ಅದರಲ್ಲಿ ಏನುಳೀತು?

ಮಗಳು: ಕೊನೇಲಿ ಸಿಂಬಲ್ ತಟ್ಟೆ ಮೇಲೆ ಒಂದು ಪೆಟ್ಟಿದೆ ಅಪ್ಪಾ. ಅದು ಅದ್ಭುತವಾಗಿದೆ. ಅದನ್ನ ಇಟ್ಕೋತೀನಿ.

ಮೇಷ್ಟ್ರು: ಅದು ನಾನು ಏಳುವಾಗ ಮೊಣಕೈ ತಗುಲಿ ಆದ ಸದ್ದು.

ಕೋಣೆಯಲ್ಲಿ ಯಾರೂ ನಗಲಿಲ್ಲ. ನಗು ಬಂದಿತ್ತು, ಆದರೆ ಮೇಷ್ಟ್ರ ಮುಖ ನೋಡಿ ಇಬ್ಬರೂ ನುಂಗಿಕೊಂಡರು. ಜೀವಮಾನಕ್ಕೆಲ್ಲ ಇದ್ದದ್ದು ಒಂದು ಹಾಡು. ಅದರಲ್ಲಿ ಉಳಿಯುವುದು ಒಂದು ಮೊಣಕೈ. ಅವರು ಎದ್ದು ಬಾಗಿಲವರೆಗೆ ಹೋದರು, ಏನೋ ನೆನಪಾದವರಂತೆ ತಿರುಗಿದರು, ಹೊಸದಾಗಿ ತಾವೇ ಬಾರಿಸುವುದಾಗಿ ಹೇಳಿದರು. ಒಂದು ಕೂದಲಷ್ಟೂ ಅಲುಗದಂತೆ.

ಮಗಳ ಹತ್ತಿರ ಕರೆಂಟಿನ ಡ್ರಮ್ಸ್ ಇತ್ತು. ರಬ್ಬರಿನ ತಟ್ಟೆಗಳು, ಕೆಳಗೊಂದು ಪೆಡಲು. ಮಾರನೆಯ ದಿನ ಬೆಳಿಗ್ಗೆ ತಿಂಡಿ ಮುಗಿದದ್ದೇ ಮೇಷ್ಟ್ರು ಅದರ ಹಿಂದೆ ಕೂತರು. ಕಿವಿಗೆ ಹೆಡ್‌ಫೋನು, ಅದರಲ್ಲಿ ಟಕ್ ಟಕ್ ಎನ್ನುವ ಯಂತ್ರದ ತಾಳ. ಎರಡು ನಿಮಿಷಕ್ಕೆ ಅವರಿಗೂ ಯಂತ್ರಕ್ಕೂ ಜಗಳ ಬಿತ್ತು. ಯಂತ್ರ ಹಿಂದೆ ಬೀಳುತ್ತಿದೆ ಎಂದರು, ಅದಕ್ಕೆ ಎಣ್ಣೆ ಬಿಡಬೇಕೆಂದರು. ಕೈಗಳೇನೋ ಆಡುತ್ತಿದ್ದವು, ಆದರೆ ಬಲಗಾಲು ಬೇರೆಯದೇ ನೌಕರಿಯಲ್ಲಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಡೆಗೂ ಒಂದು ಬ್ರೇಕು ಇರುತ್ತದೆ. ಮೂವತ್ತು ವರ್ಷ ಆ ಕಾಲು ಇನ್ನೊಬ್ಬರ ಗಾಬರಿಗೆ ಬ್ರೇಕು ತುಳಿದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಈಗಲೂ ಕೈ ಸ್ವಲ್ಪ ಜೋರಾದ ಕೂಡಲೇ ಕಾಲು ಪೆಡಲನ್ನು ತುಳಿದು, ಅಪಾಯ ದಾಟುವವರೆಗೆ ಹಾಗೇ ಹಿಡಿದುಕೊಳ್ಳುತ್ತಿತ್ತು.

ಮಗಳು: ಅಪ್ಪಾ, ಕಾಲು ಎತ್ತಿ.

ಮೇಷ್ಟ್ರು: ಎತ್ತಿದ್ರೆ ಗುದ್ದಿಬಿಡುತ್ತೆ.

ಮಗಳು: ಯಾವುದಕ್ಕೆ?

ಮೇಷ್ಟ್ರು ಸುತ್ತ ನೋಡಿದರು. ಗುದ್ದುವಂಥದ್ದು ಏನೂ ಇರಲಿಲ್ಲ.

ಅಷ್ಟರಲ್ಲಿ ಹೆಂಡತಿ ಪೇಪರು ಮಡಚಿಟ್ಟು, ಗಂಡನ ಕಿವಿಯಿಂದ ಹೆಡ್‌ಫೋನು ತೆಗೆದು ತಾವೇ ಹಾಕಿಕೊಂಡರು. ಟಕ್ ಟಕ್ ಕೇಳುತ್ತ ಚಪ್ಪಾಳೆ ತಟ್ಟತೊಡಗಿದರು. ಗಡಿಯಾರ ಅವರನ್ನು ನೋಡಿ ಕಲಿಯಬೇಕು, ಅಷ್ಟು ಸಮ. ಮೇಷ್ಟ್ರು ಆ ಕೈಗಳನ್ನೇ ನೋಡುತ್ತ ಬಾರಿಸಿದರು. ಕಾಲು ಬ್ರೇಕನ್ನು ಮರೆಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಹಾಡು ಮೊದಲಿಂದ ಕೊನೆಯವರೆಗೆ ನೂರಹದಿನೆಂಟರಲ್ಲೇ ಬಂತು. ಮಗಳು ಚಪ್ಪಾಳೆ ಹೊಡೆದಳು, ಮೇಷ್ಟ್ರು ಅದನ್ನೂ ತಾಳಕ್ಕೆ ಸರಿಯಿದೆಯೇ ಎಂದು ಪರೀಕ್ಷಿಸಿದರು. ಸಂಜೆ ಗೇಟಿನ ಹತ್ತಿರ ಸಿಕ್ಕ ಪಕ್ಕದ ಮನೆಯವರಿಗೆ, ತಾಳ ಎಂದರೆ ಶಿಸ್ತು, ಈಗಿನವರಿಗೆ ಅದೇ ಇಲ್ಲ ಎಂದು ಅರ್ಧ ಗಂಟೆ ಹೇಳಿದರು.

ಹಾಡು ಕಳಿಸಿದ ಎರಡು ದಿನದ ಮೇಲೆ ಕಂಪನಿಯ ಉತ್ತರ ಬಂತು. ಮಗಳು ಓದಿ, ಎರಡನೇ ಸಲ ಓದಿ, ಅಪ್ಪನನ್ನು ಕೂರಲು ಹೇಳಿದಳು.

ಮಗಳು: ಡ್ಯಾನ್ಸ್ ಕ್ಲಾಸಲ್ಲಿ ಹುಡುಗ ಹುಡುಗಿಯರಿಗೆ ಎರಡನ್ನೂ ಹಾಕಿ ನೋಡಿದ್ರಂತೆ. ಹಳೇದು, ಹೊಸದು. ಹೊಸದರಲ್ಲಿ ಎಲ್ಲ ಸರಿಯಾಗಿದೆಯಂತೆ.

ಮೇಷ್ಟ್ರು: ಗೊತ್ತಿತ್ತು.

ಮಗಳು: ಆದ್ರೆ ಹಳೇದರಲ್ಲಿ ಮೂರನೇ ಚರಣ ಬಂದ ಕೂಡಲೇ ಎಲ್ಲರಿಗೂ ಮೈಮೇಲೆ ಬಂದ ಹಾಗೆ ಆಗುತ್ತಂತೆ. ಹೊಸದರಲ್ಲಿ ಆ ಓಟ ಇಲ್ಲ, ಆ ಓಟನೇ ಬೇಕು ಅಂತಿದ್ದಾರೆ.

ಮೇಷ್ಟ್ರು: ಹಾಗಾದ್ರೆ ಹಳೇ ಡ್ರಮ್ಸೇ ಹಾಕು.

ಅದು ಆಗುವಂತಿರಲಿಲ್ಲ. ಟೇಪಿನಲ್ಲಿ ಡ್ರಮ್ಸಿನ ಪಟ್ಟಿ ಆ ಜಾಗದಲ್ಲಿ ಸವೆದುಹೋಗಿತ್ತು, ದೊಡ್ಡ ಸ್ಪೀಕರಿನಲ್ಲಿ ತಗಡು ಬಡಿದ ಹಾಗೆ ಕೇಳುತ್ತಿತ್ತು. ಯಂತ್ರವನ್ನೇ ಓಡಿಸಿ ನೋಡಿದಳು, ಲಿಫ್ಟು ಮೇಲೇರಿದ ಹಾಗಾಯಿತು. ಬೇರೆ ದಾರಿಯಿಲ್ಲ, ಅಪ್ಪನೇ ಇನ್ನೊಂದು ಸಲ ಓಡಬೇಕು. ಇಲ್ಲದಿದ್ದರೆ ಕಂಪನಿಯವರು ಬೇರೆ ಡ್ರಮ್ಮರನ್ನು ಕರೆಸುತ್ತಾರಂತೆ. ನಲವತ್ತು ವರ್ಷ ಅಲ್ಲಗಳೆದ ತಪ್ಪು ತಮ್ಮದೇ ಎಂದು ಸಾಧಿಸಲು ಮೇಷ್ಟ್ರು ಈಗ ಅಂಗಿಯ ತೋಳು ಮಡಿಸಿ ಕೂತರು.

ಆಗಲಿಲ್ಲ. ಹತ್ತು ಸಲ ಬಾರಿಸಿದರೂ ಮೂರನೇ ಚರಣ ನೂರಹದಿನೆಂಟರಲ್ಲೇ ನಿಂತಿತು. ಬೇಕೆಂದು ಓಡಿದರೆ ಎಡವಿದಂತೆ ಕೇಳುತ್ತಿತ್ತು. ಮಗಳು ಕೊನೆಗೆ ಕುರ್ಚಿ ತಿರುಗಿಸಿ ಕೂತು, ಅವತ್ತು ಅಷ್ಟು ಅವಸರ ಯಾಕಿತ್ತು, ಬಸ್ಸು ತಪ್ಪುವುದಿತ್ತೇ ಎಂದು ಕೇಳಿದಳು. ಮೇಷ್ಟ್ರು ಕೋಲುಗಳನ್ನು ಒರೆಸಿದರು. ಒರೆಸಲು ಅವುಗಳ ಮೇಲೆ ಏನೂ ಇರಲಿಲ್ಲ.

ಮೇಷ್ಟ್ರು: ನಿಮ್ಮಮ್ಮ ಸ್ಟುಡಿಯೋದಲ್ಲಿ ನನ್ನ ಎದುರಿಗೇ ನಿಂತು ಚಪ್ಪಾಳೆ ತಟ್ತಿದ್ದಳು. ಮೂರನೇ ಚರಣದಲ್ಲಿ ನನ್ನ ಕಡೆ ನೋಡಿ ನಕ್ಕಳು. ಆಮೇಲೆ ಏನು ಬಾರಿಸಿದೆನೋ ನನಗೆ ಗೊತ್ತಿಲ್ಲ.

ಹೆಂಡತಿ: ಇದನ್ನ ಇಷ್ಟು ವರ್ಷ ನನಗೆ ಹೇಳಲಿಲ್ಲ. ತಪ್ಪು ಮಾತ್ರ ದಿನಾ ಹೇಳಿದ್ರಿ.

ಮೇಷ್ಟ್ರು: ನನ್ನ ನೋಡೇ ನಕ್ಕಿದ್ದು ತಾನೆ?

ಹೆಂಡತಿ: ನಿಮ್ಮ ಪ್ಯಾಂಟು ನೋಡಿ ನಗು ಬಂತು. ಪ್ಯಾಂಟಲ್ಲಿ ನೀವಿದ್ರಿ.

ಮಗಳಿಗೆ ಇಷ್ಟು ಸಾಕಾಯಿತು. ಅಮ್ಮನನ್ನು ತಂದು ಡ್ರಮ್ಸಿನ ಎದುರಿಗೆ ನಿಲ್ಲಿಸಿದಳು, ಅವತ್ತಿನ ಹಾಗೆ ಚಪ್ಪಾಳೆ ತಟ್ಟುತ್ತ ಮೂರನೇ ಚರಣ ಬಂದಾಗ ನಗಬೇಕು ಎಂದಳು, ರೆಕಾರ್ಡಿಂಗ್ ಒತ್ತಿದಳು. ಮೂರನೇ ಚರಣ ಬಂತು. ಹೆಂಡತಿ ನಕ್ಕರು. ಚೆನ್ನಾಗಿಯೇ ನಕ್ಕರು. ಪರದೆಯ ಮೇಲೆ ನೂರಹದಿನೆಂಟು ನೂರಹದಿನಾರಾಯಿತು, ನೂರಹದಿಮೂರಾಯಿತು, ಹಾಡು ಸುಸ್ತಾಗಿ ಕೂತುಕೊಂಡಿತು.

ಮಗಳು: ಓಡಿ ಅಂದ್ರೆ ನಿಧಾನ ಆಗ್ತಿದ್ದೀರಲ್ಲ ಅಪ್ಪಾ. ಅಮ್ಮ ನಗ್ತಿದ್ದಾಳೆ, ಕಾಣ್ತಿಲ್ವಾ?

ಮೇಷ್ಟ್ರು: ಕಾಣ್ತಿದೆ, ಅದಕ್ಕೇ. ಆಗ ನಕ್ಕಾಗ ಇವಳು ನನಗೆ ಸಿಗಬಹುದು ಅಂತ ಅನ್ನಿಸ್ತಿತ್ತು. ಈಗ ನಕ್ಕರೆ ನಾನು ಏನು ಮರೆತೆ ಅಂತ ಯೋಚನೆ ಶುರುವಾಗುತ್ತೆ.

ಹೆಂಡತಿ ನಗು ನಿಲ್ಲಿಸಿದರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಗಂಡನನ್ನು ಒಂದು ಕ್ಷಣ ನೋಡಿ, ಮತ್ತೊಮ್ಮೆ ಶುರುಮಾಡಲು ಮಗಳಿಗೆ ಸನ್ನೆ ಮಾಡಿದರು. ಮೊದಲ ಚರಣ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದು ಶುರುವಾಗುತ್ತಿದ್ದಂತೆ ಅವರು ಚಪ್ಪಾಳೆ ನಿಲ್ಲಿಸದೆಯೇ ಮುಂದಕ್ಕೆ ಬಾಗಿದರು.

ಹೆಂಡತಿ: ರೀ, ಒಲೆ ಮೇಲೆ ಹಾಲಿಟ್ಟು ಬಂದ್ರಾ?

ಹಾಲು ಕಾಯಿಸುವ ಖಾತೆ ಈಗ ಮೇಷ್ಟ್ರದು, ಈ ತಿಂಗಳಲ್ಲೇ ಎರಡು ಪಾತ್ರೆ ಸುಟ್ಟಿದ್ದರು. ರೆಕಾರ್ಡಿಂಗ್ ನಡುವೆ ಏಳುವಂತಿಲ್ಲ, ಕೂರುವಂತೆಯೂ ಇಲ್ಲ. ಕೈಗಳು ಹೊರಟವು. ನೂರಿಪ್ಪತ್ತು, ನೂರಿಪ್ಪತ್ತಮೂರು, ನೂರಿಪ್ಪತ್ತಾರು. ಹೆಂಡತಿಯ ಚಪ್ಪಾಳೆ ಹಿಂದೆ ಓಡೋಡಿ ಬಂದು ಸೇರಿಕೊಂಡಿತು. ಕೊನೆಯ ಪೆಟ್ಟು ಬಿದ್ದದ್ದೇ ತಡ, ಮೇಷ್ಟ್ರು ಕೋಲುಗಳನ್ನು ಎಸೆದು ಅಡುಗೆಮನೆಗೆ ಧಾವಿಸಿದರು.

ಒಲೆ ತಣ್ಣಗಿತ್ತು. ಅದರ ಮೇಲೆ ಏನೂ ಇರಲಿಲ್ಲ. ಹಾಲಿನ ಪ್ಯಾಕೆಟ್ಟು ಫ್ರಿಜ್ಜಿನಲ್ಲಿ ಭದ್ರವಾಗಿತ್ತು. ವಾಪಸು ಬಂದಾಗ ತಾಯಿ ಮಗಳಿಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಗುತ್ತಿದ್ದರು, ಸ್ಪೀಕರಿನಲ್ಲಿ ಮೂರನೇ ಚರಣ ಗೋಡೆಗಳನ್ನು ಅದುರಿಸುತ್ತಿತ್ತು. ಮೇಷ್ಟ್ರು ಬಾಗಿಲಲ್ಲೇ ನಿಂತು ತಮ್ಮ ಓಟವನ್ನು ತಾವೇ ಕೇಳಿದರು. ಚೆನ್ನಾಗಿತ್ತು. ಅದು ಅವರಿಗೇ ಗೊತ್ತಾಯಿತು, ಕಣ್ಣೂ ಸ್ವಲ್ಪ ತುಂಬಿತು.

ಮಗಳು: ಕಂಪನಿಯವರು ಕೇಳೇ ಕೇಳ್ತಾರೆ, ಈ ವಯಸ್ಸಲ್ಲಿ ಅಷ್ಟು ಆತುರ ಎಲ್ಲಿಂದ ಬಂತು ಅಂತ. ಏನು ಬರೀಲಿ?

ಹೆಂಡತಿ: ಇದ್ದದ್ದು ಬರಿ. ನನ್ನ ಮೇಲಿನ ಹೆದರಿಕೆ ಅಂತ.

ಮೇಷ್ಟ್ರು: ಪ್ರೀತಿ ಅಂತ ಬರಿಯಮ್ಮ. ಬರೀ ಹೆದರಿಕೆ ಆಗಿದ್ರೆ ನೂರಿಪ್ಪತ್ತಕ್ಕೇ ನಿಂತಿರೋದು.