ಕ್ಲಚ್ಚಿಗೆ ಔಡಲೆಣ್ಣೆ

ಕೆಲವರಿಗೆ ಕೈ ಸುಮ್ಮನಿರುವುದಿಲ್ಲ. ಕುಳಿತಲ್ಲಿ ಹುಲ್ಲುಕಡ್ಡಿ ಮುರಿಯುತ್ತಾರೆ, ಮಾತಾಡುತ್ತ ಎದುರಿಗಿದ್ದವರ ಅಂಗಿಯ ಗುಂಡಿ ತಿರುವುತ್ತಾರೆ. ನನ್ನ ಕೈಯ ಚಟ ಬೇರೆ. ಒಣಗಿದ್ದು ಏನೇ ಕಂಡರೂ ಅದಕ್ಕೆ ಎಣ್ಣೆ ಹಾಕಬೇಕು. ಕಿರುಗುಟ್ಟುವ ಬಾಗಿಲು, ಬಾವಿಯ ಗಡಗಡಿ, ಎತ್ತಿನ ಕೊಂಬು, ನೆಂಟರು ಹೊರಗೆ ಬಿಟ್ಟ ಚರ್ಮದ ಕಾಲ್ಮರಿ, ಯಾವುದನ್ನೂ ನಾನು ಬಿಟ್ಟವನಲ್ಲ. ಒಮ್ಮೆ ಮಾವನವರ ಕಾಲ್ಮರಿಗೆ ಎಷ್ಟು ಎಣ್ಣೆ ಕುಡಿಸಿದ್ದೆನೆಂದರೆ ಅವರು ನಮ್ಮ ಅಂಗಳ ದಾಟುವುದರೊಳಗೆ ಎರಡು ಸಲ ಜಾರಿ ಕೂತರು. ಆದರೂ ನಾನು ಇದನ್ನು ಚಟವೆಂದು ಒಪ್ಪಿರಲಿಲ್ಲ, ಕಾಳಜಿ ಎಂದುಕೊಂಡಿದ್ದೆ.

ಅದಕ್ಕೆ ಕಾರಣ ನಾನು ಬೆಳೆದ ಮನೆ. ಶಿಗ್ಗಾಂವಿಯಲ್ಲಿ ನಮ್ಮದು ಚಕ್ಕಡಿಗಳ ಮನೆ. ಹತ್ತಿ, ಮೆಣಸಿನಕಾಯಿ ಹೇರಿಕೊಂಡು ಹೋಗುವ ನಾಲ್ಕು ಚಕ್ಕಡಿಗಳಿದ್ದವು. ಅಚ್ಚಿಗೆ ಎಣ್ಣೆ ಹಾಕದೆ ಒಂದೂ ಊರು ಬಿಡುತ್ತಿರಲಿಲ್ಲ. ಬಾಗಿಲ ಪಕ್ಕದ ಗೂಟಕ್ಕೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತುಂಬಿದ ಬಿದಿರಿನ ಗೊಟ್ಟ ಸದಾ ತೂಗುತ್ತಿತ್ತು. ಅದರ ಉಸ್ತುವಾರಿ ನಮ್ಮ ಹಳೆಯ ಆಳು ನಿಂಗಪ್ಪನದು. ಮಳೆಗಾಲ ಬಂತೆಂದರೆ ನೀರೆತ್ತುವ ಮೊಟ್ಟೆ, ಬಾರುಕೋಲು, ನೊಗಕ್ಕೆ ಕಟ್ಟುವ ಜತಗಿ, ಹೀಗೆ ಮನೆಯಲ್ಲಿದ್ದ ಚರ್ಮದ ಸಾಮಾನನ್ನೆಲ್ಲ ಅವನು ಅಂಗಳದಲ್ಲಿ ಹರವಿ ಎಣ್ಣೆ ಉಣಿಸುತ್ತಿದ್ದ. ಒಣಗಿದ ಚರ್ಮ ಒಡೆಯುತ್ತದೆ ಎಂಬುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ.

ಇಂಥ ಮನೆಗೆ ಮೋಟಾರು ಬಂತು. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಎರಡು ಮೂರು ವರ್ಷವಿತ್ತು. ಸವಣೂರಿನ ಇನಾಮದಾರರೊಬ್ಬರು ಹೊಸದನ್ನು ತರಿಸಿಕೊಂಡು ಹಳೆಯದನ್ನು ನನಗೆ ಕೊಟ್ಟರು. ಆಗಲೇ ಅದಕ್ಕೆ ಹದಿನೈದು ಹದಿನಾರು ವರ್ಷ ವಯಸ್ಸಾಗಿತ್ತು. ನಡುವೆ ನಿಂತು ವ್ಯವಹಾರ ಮಾಡಿಸಿ, ನನಗೆ ನಡೆಸಲು ಕಲಿಸಿದವರು ಅದೇ ಊರಿನ ಇಮಾಮಸಾಬ ಎಂಬ ಮಿಸ್ತ್ರಿ. ಬಿಟ್ಟು ಹೋಗುವಾಗ ಅವರು ಎಣ್ಣೆ ಹಾಕುವ ಮೂರು ಜಾಗ ತೋರಿಸಿ, "ಇಷ್ಟ ರೀ ಸಾವಕಾರ್ರ. ಬ್ಯಾರೆ ಕಡೆ ಕೈ ಹಚ್ಚಬ್ಯಾಡ್ರಿ" ಎಂದಿದ್ದರು. ಇಷ್ಟು ದೊಡ್ಡ ಗಾಡಿಗೆ ಮೂರೇ ಜಾಗವೇ, ಪಾಪ ಮುದುಕ ನಾಲ್ಕನೆಯದನ್ನು ಮರೆತಿರಬೇಕು ಎಂದುಕೊಂಡೆ.

ಮೋಟಾರು ಕೊಂಡದ್ದು ಶೋಕಿಗಲ್ಲ, ಅಥವಾ ಪೂರ್ತಿ ಶೋಕಿಗಲ್ಲ. ನನ್ನ ತಂಗಿ ನೀಲವ್ವನನ್ನು ಹಿರೇಕೆರೂರಿಗೆ ಕೊಟ್ಟಿತ್ತು. ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ಅಣ್ಣನ ಕೆಲಸ. ನಾನು ಎರಡು ವರ್ಷ ಅದನ್ನು ಮಾಡಿರಲಿಲ್ಲ. ಮೊದಲ ವರ್ಷ ಅವಳು ಗಂಡನ ಮನೆಯಲ್ಲೇ ಹಸಿ ಬಾಣಂತಿ. ಎರಡನೆಯ ವರ್ಷ ಹಾನಗಲ್ಲು ದಾಟಿದ ಮೇಲೆ ಚಕ್ಕಡಿ ಕೆಸರಿನಲ್ಲಿ ಹೂತು, ನಾನು ಹೋಗಿ ಮುಟ್ಟುವಷ್ಟರಲ್ಲಿ ಹಬ್ಬ ಮುಗಿದು ಅವಳು ಪಾತ್ರೆ ತಿಕ್ಕುತ್ತಿದ್ದಳು. "ಇರಲಿ ಬಿಡಣ್ಣ" ಎಂದಷ್ಟೇ ಅಂದಳು. ಬೈದಿದ್ದರೆ ಒಳ್ಳೆಯದಿತ್ತು. ಈ ಸಲ ಮೋಟಾರು ತರುತ್ತೇನೆಂದು ಕಾರ್ಡು ಬರೆದಿದ್ದೆ. ಅವಳು ಅದನ್ನು ಓಣಿಗೆಲ್ಲ ಓದಿ ಹೇಳಿದ್ದಳಂತೆ. ಅವಳ ಅತ್ತೆ ಮಾತ್ರ ಒಂದು ಗೆರೆ ಎಳೆದಿದ್ದರು. "ಚೌತಿ ದಿನ ಹೊತ್ತು ಮುಳುಗೂದ್ರೊಳಗ ಬಂದ್ರ ಕಳಸ್ತೇವಿ. ಇಲ್ಲಂದ್ರ ಹಬ್ಬ ಇಲ್ಲೇ."

ಚೌತಿ ಎಂದರೆ ಪಂಚಮಿಯ ಹಿಂದಿನ ದಿನ. ಅದಕ್ಕೆ ಐದು ದಿನ ಇರುವಾಗ ನಾನು ಗಾಡಿಯನ್ನು ಪ್ರಯಾಣಕ್ಕೆ ಸಿದ್ಧಪಡಿಸಲು ಕೂತೆ. ತೋರಿಸಿದ ಮೂರೂ ಜಾಗಕ್ಕೆ ಎಣ್ಣೆಯಾಯಿತು. ಗೊಟ್ಟದಲ್ಲಿ ಇನ್ನೂ ಉಳಿದಿತ್ತು. ಕಾಲಿಡುವ ಹಲಗೆ ಎತ್ತಿ ಬಗ್ಗಿ ನೋಡಿದೆ. ಒಳಗೆ ಒಂದು ಬಟ್ಟಲಿನಂಥ ಚಕ್ರದಲ್ಲಿ ಇನ್ನೊಂದು ಬಟ್ಟಲು ಕೂತಂತೆ ಕೂತಿತ್ತು, ಒಳಗಿನದರ ಮೈಸುತ್ತ ಚರ್ಮದ ಪಟ್ಟಿ. ಆ ಚರ್ಮ ಒಣಗಿ ಬಿಳಿಚಿಕೊಂಡಿತ್ತು. ಎಷ್ಟು ವರ್ಷದಿಂದ ಯಾರೂ ಕೇಳಿಲ್ಲವೋ ಎಂದು ತೋಳಿನ ತನಕ ಕೈ ತೂರಿಸಿ, ಸುತ್ತ ತಿರುಗಿಸಿ ತಿರುಗಿಸಿ, ಕುಡಿಯುವಷ್ಟು ಕುಡಿಸಿದೆ. ನಿಂಗಪ್ಪ ಎತ್ತಿಗೆ ಮೇವು ಹಾಕುತ್ತ ನೋಡುತ್ತಿದ್ದ.

ಮರುದಿನ ಹಿರೇಬೆಂಡಿಗೇರಿಯ ದಾರಿಯಲ್ಲಿ ಒಂದು ಸುತ್ತು ಹೊರಟೆ. ಸಮನೆಲದಲ್ಲಿ ಹೋಯಿತು. ಸಣ್ಣ ಏರು ಬಂದಲ್ಲಿ ಎಂಜಿನ್ನು ಊರಿಗೆಲ್ಲ ಕೇಳುವಂತೆ ಒದರಿತು, ಗಾಡಿ ಮಾತ್ರ ಇದ್ದಲ್ಲೇ. ಇನ್ನಷ್ಟು ಪೆಟ್ರೋಲು ಕೊಟ್ಟೆ, ಇನ್ನಷ್ಟು ಒದರಿತು. ಅಲ್ಲೇ ಹೊಲದಲ್ಲಿದ್ದ ನಿಂಗಪ್ಪ ಬಂದು ಸುತ್ತ ನೋಡಿದ.

"ಸಾವಕಾರ್ರ, ಒದರೂದು ಬಾಳ ಆತು, ನಡಿಯೂದು ಇಲ್ಲ. ಎತ್ತು ಹೂಡ್ಲೇನ್ರಿ?"

ಎತ್ತು ಹೂಡಿದ. ನಾನು ಸ್ಟೀರಿಂಗ್ ಚಕ್ರ ಹಿಡಿದು ಗಂಭೀರವಾಗಿ ಕೂತೆ, ಎತ್ತುಗಳು ನನ್ನನ್ನು ಮನೆಗೆ ತಂದವು. ಅವ್ವ ದೃಷ್ಟಿಯಾಗಿದೆ ಎಂದು ಮುಂದಿನ ದೀಪಕ್ಕೆ ನಿಂಬೆಹಣ್ಣು ಕಟ್ಟಿದಳು. ನಾನು ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದೆ, ಆಮೇಲೆ ಗಾಲಿ ಬಿಗಿಯಾಗಿದೆ ಎಂದೆ. ಕೊನೆಗೆ ಸವಣೂರಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರಿನ ಡ್ರೈವರು ಒಂದು ನಿಮಿಷ ಕಿವಿಗೊಟ್ಟು, "ಕ್ಲಚ್ ಜಾರಾಕತ್ತೇತ್ರಿ" ಎಂದು ಹೋದ. ನನಗೆ ಎಲ್ಲವೂ ತಿಳಿದುಹೋಯಿತು. ಸವೆದ ಕ್ಲಚ್ಚಿನ ಗಾಡಿಯನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಆ ಸಿಟ್ಟಿನಲ್ಲಿ ಇಮಾಮಸಾಬರಿಗೆ ಒಂದು ಚೀಟಿ ಬರೆದು ಅದೇ ಡ್ರೈವರನ ಕೈಯಲ್ಲಿ ಕಳಿಸಿದೆ. ಮೋಸಗಾರ ಎಂಬ ಮಾತು ಅದರಲ್ಲಿ ಎರಡು ಸಲ ಇತ್ತು.

ಅವರು ಬೇರೆ ಊರಿಗೆ ಹೋಗಿದ್ದರು. ಬಂದದ್ದು ಚೌತಿಯ ದಿನ ಬೆಳಿಗ್ಗೆ, ಮೊದಲ ಸರ್ವಿಸ್ ಮೋಟಾರಿಗೆ. ಅಷ್ಟು ಹೊತ್ತಿಗೆ ನಾನು ಅಂಗಳದಲ್ಲಿ ಓಡಾಡಿ ಸಾಕಾಗಿದ್ದೆ. ಚಕ್ಕಡಿ ಕಟ್ಟಿದರೆ ಸಂಜೆಗೆ ಹಾನಗಲ್ಲು ಮುಟ್ಟುವುದೇ ಹೆಚ್ಚು. ಒಳಗೆ ಅವ್ವ ಹಬ್ಬದ ಸಿಹಿ ಉಂಡಿಗಳನ್ನು ಬುಟ್ಟಿಗೆ ತುಂಬುತ್ತಿದ್ದಳು, ಹೋಗುತ್ತೀಯೋ ಇಲ್ಲವೋ ಎಂದು ಕೇಳುತ್ತಿರಲಿಲ್ಲ.

ಇಮಾಮಸಾಬರು ರುಮಾಲು ಬಿಚ್ಚಿಟ್ಟು, "ನಿಮ್ಮ ಚೀಟಿ ನನ್ನ ಮಗಳ ಕಡಿಂದ ಓದಿಸಿದ್ನಿರಿ. ಆಕಿ ಎರಡು ಕಡೆ ನಿಂತು, ಒಂದೊಂದು ಮಾತು ಬಿಟ್ಟು, ಮುಂದಿಂದು ಓದಿದಳು" ಎಂದರು. ಅಷ್ಟೇ ಹೇಳಿ ಕೆಲಸಕ್ಕೆ ಕೂತರು.

ಮೊದಲು ನಿಂಗಪ್ಪನಿಂದ ಹ್ಯಾಂಡಲ್ ಹೊಡೆಸಿ ಎಂಜಿನ್ನು ಶುರು ಮಾಡಿದರು. ಬ್ರೇಕು ಬಿಗಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ಚಿನ ಮೇಲಿನ ಕಾಲು ಮೆಲ್ಲಗೆ ತೆಗೆದರು.

"ಕ್ಲಚ್ ಹಿಡಿದ್ರ ಈಗ ಎಂಜಿನ್ ಸಾಯಬೇಕ್ರಿ."

"ಹಬ್ಬದ ದಿನ ಸಾಯೂ ಮಾತು ಯಾಕಪ್ಪ" ಎಂದಳು ಅವ್ವ ಬಾಗಿಲಲ್ಲಿ ನಿಂತು.

ಎಂಜಿನ್ನು ಸಾಯಲಿಲ್ಲ, ಆರಾಮಾಗಿ ತಿರುಗುತ್ತಿತ್ತು. ಅವರು ಅದನ್ನು ನಿಲ್ಲಿಸಿ ಕ್ಲಚ್ಚಿನ ಪೆಡಲನ್ನು ಕೈಯಿಂದ ಒತ್ತಿ ನೋಡಿದರು. ಅದಕ್ಕೆ ಸ್ವಲ್ಪವೂ ಸಡಿಲವಿಲ್ಲದಿದ್ದರೆ ಕ್ಲಚ್ಚು ಸರಿಯಾಗಿ ಕೂಡುವುದಿಲ್ಲವಂತೆ. ಬೇಕಾದಷ್ಟು ಸಡಿಲವಿತ್ತು. ಸ್ಪ್ರಿಂಗೂ ಗಟ್ಟಿ ಇತ್ತು. ಕೊನೆಗೆ ಹಲಗೆ ಎತ್ತಿದರು. ಕ್ಲಚ್ಚಿನ ಚರ್ಮ ಅಭ್ಯಂಜನ ಮಾಡಿಸಿಕೊಂಡ ಮದುಮಗನ ಹಾಗೆ ಹೊಳೆಯುತ್ತಿತ್ತು. ಅವರು ಒಂದು ಬೆರಳು ಹಚ್ಚಿ ಮೂಗಿಗೆ ಹಿಡಿದರು.

"ಚರ್ಮ ಸವದಿಲ್ರಿ, ಚಲೋ ಐತಿ. ಎಣ್ಣಿ ಕುಡದೇತಿ. ಎಂಜಿನ್ ಎಣ್ಣಿ ಆದ್ರ ಸುಟ್ಟ ವಾಸನಿ ಬರ್ತಿತ್ತು. ಇದು ಔಡಲೆಣ್ಣಿ. ಈ ಚರ್ಮ ಒಣಗಿದ್ರ ಹಿಡೀತೈತಿ, ತೊಯ್ದ್ರ ಜಾರತೈತಿ. ಯಾರ್ ಹಾಕಿದ್ರಿ?"

ಅವ್ವ ನಿಂಗಪ್ಪನನ್ನು ನೋಡಿದಳು. ಗೊಟ್ಟ ಅವನದಲ್ಲವೆ. ನಿಂಗಪ್ಪ ನನ್ನನ್ನು ನೋಡಿದ. ನಾನು ಆಕಾಶ ನೋಡಿ, "ಮಳಿ ಬರಬಹುದು" ಎಂದೆ.

"ಇಷ್ಟು ವಯಸ್ಸಾತು, ಕೈ ಸುಮ್ನ ಇರೂದಿಲ್ಲಲ್ಲ ನಿಂಗಪ್ಪ ನಿಂದು" ಎಂದಳು ಅವ್ವ. ಅವನು "ಹೂನ್ರಿ ಅವ್ವಾರ" ಎಂದು ಎತ್ತಿನ ಕಡೆ ಹೋದ. ನನಗೆ ನಾಚಿಕೆಯಾಯಿತು. ಬಾಯಿ ತೆರೆಯುವಷ್ಟು ಆಗಲಿಲ್ಲ.

ಇಮಾಮಸಾಬರು ಪೆಟ್ರೋಲಿನಲ್ಲಿ ಅರಿವೆ ಅದ್ದಿ ಚರ್ಮವನ್ನು ನಾಲ್ಕು ಸಲ ತೊಳೆದರು, ಒರೆಸಿದರು, ಅರದಿಂದ ಹಗುರಾಗಿ ಕೆರೆದು ಒರಟು ಮಾಡಿದರು. ಒಳಗುಳಿದ ಎಣ್ಣೆಯನ್ನು ಹೀರಲು ಒಂದು ಪುಡಿ ಬೇಕು, ಅದನ್ನು ಸವಣೂರಲ್ಲೇ ಮರೆತಿದ್ದರು. ಒಣ ಬೂದಿಯೂ ನಡೆಯುತ್ತದೆ, ಆದರೆ ಹರಳಿರಬಾರದು, ಹಿಟ್ಟಿನಂತಿರಬೇಕು ಎಂದರು. ಒಲೆಯ ಬೂದಿ ತಂದರೆ ಬೆರಳಲ್ಲಿ ತಿಕ್ಕಿ ನೋಡಿ ಬೇಡವೆಂದರು. ನಾನು ಜಾಣತನ ತೋರಿಸಲು, "ಔಡಲೆಣ್ಣಿಗೆ ಬೂದಿ ಕಲಸಿದ್ರ ನಮ್ಮ ಚಕ್ಕಡಿ ಕೀಲೆಣ್ಣಿನ ಆಗತೈತಲ್ರಿ" ಎಂದೆ. "ಅದಕ್ಕ ಮೊದಲ ತೊಳದದ್ರಿ" ಎಂದು ಅವರು ನನ್ನ ಅಂಗಿಯ ತೋಳನ್ನು ಸ್ವಲ್ಪ ಹೊತ್ತು ನೋಡಿದರು.

ಅವ್ವ ಒಳಗೆ ಹೋಗಿ ದೇವರಮನೆಯಿಂದ ಎರಡು ವಿಭೂತಿ ಗಟ್ಟಿ ತಂದಳು.

"ಇದಕ್ಕಿಂತ ಸಣ್ಣ ಬೂದಿ ಊರಾಗ ಸಿಗೂದಿಲ್ಲ. ಹಚ್ಚಪಾ."

"ಅವ್ವಾರ, ಇದು ದೇವರದ್ರಿ."

"ಎರಡು ವರ್ಷ ಆತು ನನ್ನ ಮಗಳು ಹಬ್ಬಕ್ಕ ಮನಿ ಕಂಡಿಲ್ಲ. ಆಕಿನ್ನ ಕರಕೊಂಡು ಬರೂದು ದೇವರ ಕೆಲಸ ಅಲ್ಲೇನು?"

ಇಮಾಮಸಾಬರು ಎದ್ದು ಹೋಗಿ ಕೈ ತೊಳೆದು ಬಂದು ಎರಡೂ ಕೈ ಚಾಚಿ ತೆಗೆದುಕೊಂಡರು. ಪುಡಿ ಮಾಡಿ ಚರ್ಮದ ಸುತ್ತ ತಿಕ್ಕಿದರು. ಮತ್ತೆ ಹ್ಯಾಂಡಲ್, ಮತ್ತೆ ಬ್ರೇಕು, ಮತ್ತೆ ಕಾಲು ತೆಗೆದರು. ಎಂಜಿನ್ನು ಗಕ್ಕನೆ ಸತ್ತಿತು. ನಾವೆಲ್ಲ ಹಬ್ಬದ ದಿನವೆಂಬುದನ್ನು ಮರೆತು ಸಂತೋಷಪಟ್ಟೆವು.

ಅವರೇ ನಡೆಸಿದರು. ನಾನು ಪಕ್ಕದಲ್ಲಿ, ಹಿಂದೆ ಉಂಡಿಯ ಬುಟ್ಟಿ ಹಿಡಿದು ನಿಂಗಪ್ಪ. ಹಾನಗಲ್ಲು ದಾಟಿದ ಮೇಲಿನ ಏರು ಬಂದಾಗ ನಾನು ಎಂಜಿನ್ನಿಗೆ ಕಿವಿಗೊಟ್ಟೆ. ಗಾಡಿ ಎಳೆಯಿತು, ನಿಧಾನವಾಗಿ, ಆದರೆ ಜಾರದೆ. ಹಿರೇಕೆರೂರು ಮುಟ್ಟಿದಾಗ ಹೊತ್ತು ಇನ್ನೂ ಎರಡು ಮಾರು ಮೇಲಿತ್ತು. ನೀಲವ್ವ ಕಟ್ಟೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಮಗು. ಬೆಳಗಿನಿಂದ ಹಾಗೇ ಕೂತಿದ್ದಳಂತೆ. ನನ್ನನ್ನು ಕಂಡು ಅತ್ತಳು, ಅವಳ ಅತ್ತೆ ಹೊತ್ತು ನೋಡಿ, "ಆತು, ಮುಂಜಾನೆ ಕರಕೊಂಡು ಹೋಗ್ರಿ" ಎಂದರು.

ಮರುದಿನ ನಸುಕಿನಲ್ಲೇ ಹೊರಟೆವು. "ಈಗ ನೀವ ನಡಸ್ರಿ" ಎಂದು ಇಮಾಮಸಾಬರು ಚಕ್ರವನ್ನು ನನಗೆ ಕೊಟ್ಟರು. ಎರಡು ಮೈಲಿ ಹೋಗಿರಲಿಲ್ಲ, ನೀಲವ್ವ ಹಿಂದಿನಿಂದ, "ಅಣ್ಣ, ಔಡಲೆಣ್ಣಿ ವಾಸನಿ ಬರಾಕತ್ತೇತಿ. ಇದಕ್ಕೂ ಹಾಕಿದ್ಯೇನು?" ಎಂದಳು. ಅವಳು ಇಮಾಮಸಾಬರಿಗೆ, ತಾನು ಎಂಟು ವರ್ಷದವಳಿದ್ದಾಗ ನಾನು ಜೋಕಾಲಿಯ ಮಣೆಗೆ ಎಣ್ಣೆ ಬಳಿದದ್ದು, ತಾನು ಜಾರಿ ಬಿದ್ದು ಹಲ್ಲು ಮುರಿದುಕೊಂಡದ್ದು ಎಲ್ಲ ಹೇಳಿದಳು.

"ನನಗ ನಿನ್ನೇನ ಗೊತ್ತಾಗಿತ್ತವ್ವ" ಎಂದರು ಅವರು. "ನಿಂಗಪ್ಪನ ಅಂಗಿ ಬೆಳ್ಳಗ ಇತ್ತು. ಸಾವಕಾರ್ರ ತೋಳಿನ ಕಲೆ ಇನ್ನೂ ಹೋಗಿಲ್ಲ. ಚೀಟಿ ಬರದದ್ದೂ ಅದ ಕೈ."

ನಾನು ಹಿಂದೆ ತಿರುಗಿ, "ತಪ್ಪಾತು ನಿಂಗಪ್ಪ. ಇಮಾಮಸಾಬ್ರ, ನಿಮಗೂ" ಎಂದೆ. ಇಮಾಮಸಾಬರು ಆಗಲಿ ಎನ್ನುವಂತೆ ತಲೆಯಾಡಿಸಿದರು. "ಮುಂದ ನೋಡಿ ನಡಸ್ರಿ" ಎಂದ ನಿಂಗಪ್ಪ.

ಮನೆ ಮುಟ್ಟಿದಾಗ ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿ ಓಣಿಯ ಹೆಣ್ಣುಮಕ್ಕಳು ಆಗಲೇ ಜೀಕುತ್ತಿದ್ದರು. ಅವ್ವ ನಿಂಗಪ್ಪನಿಗೆ ಮೊದಲು ಉಂಡಿ ಕೊಟ್ಟಳು. ನೀಲವ್ವ ಆಗಲೇ ಒಳಗೆ ಹೋಗಿ ಎಲ್ಲ ಹೇಳಿದ್ದಳು. ಜೋಕಾಲಿಯ ಕಬ್ಬಿಣದ ಕೊಂಡಿ ಪ್ರತಿ ಜೀಕಿಗೂ ಕಿರ್ರೆನ್ನುತ್ತಿತ್ತು. ಎರಡು ವರ್ಷದ ಮೇಲೆ ನನ್ನ ತಂಗಿ ಕೂಡುವ ಜೋಕಾಲಿ, ಒಣ ಕಬ್ಬಿಣ, ಎಷ್ಟೆಂದು ಸಹಿಸಲಿ? ಗೂಟದ ಹತ್ತಿರ ಹೋಗಿ ಬಂದೆ. ಅಷ್ಟರಲ್ಲಿ ನೀಲವ್ವ ಹಗ್ಗ ಹಿಡಿದು ನಿಂತು, ಕೂಡದೆ ಕೇಳಿದಳು.

"ನಿಂಗಪ್ಪಕಾಕಾ, ಇದಕ್ಕ ಅಣ್ಣ ಕೈ ಹಚ್ಚ್ಯಾನೇನು?"

"ಇಲ್ಲವ್ವ, ಕೂಡು. ಬಂದಾಗಿಂದ ನಾ ಇಲ್ಲೇ ಕಾಯಾಕತ್ತೇನಿ."

ಅವಳು ಕೂತಳು. ನಾನು ಗೊಟ್ಟ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಂದು ಕೈಯಿಂದಲೇ ಅವಳನ್ನು ತೂಗಿದೆ.