ಕೋಡುಬಳೆ ಪರೀಕ್ಷಕನ ಎಡ ದವಡೆ

ನಮ್ಮ ಭಾಷೆಯಲ್ಲಿ ಹಲ್ಲಿಗೆ ಇರುವಷ್ಟು ಕೆಲಸ ಬೇರೆ ಯಾವ ಅಂಗಕ್ಕೂ ಇರಲಾರದು. ಸಿಟ್ಟು ಬಂದರೆ ಹಲ್ಲು ಕಡಿಯಬೇಕು, ಸೇಡು ಇದ್ದರೆ ಹಲ್ಲು ಮಸೆಯಬೇಕು, ಕಷ್ಟ ಬಂದರೆ ಹಲ್ಲು ಕಚ್ಚಿಕೊಂಡಿರಬೇಕು, ಮೇಲಿನವರು ಎದುರಿಗೆ ಬಂದರೆ ಹಲ್ಲು ಗಿಂಜಬೇಕು. ಇಷ್ಟೆಲ್ಲ ದುಡಿಸಿಕೊಂಡು ನಾವು ಅದಕ್ಕೆ ಕೊಡುವುದು ಬೆಳಿಗ್ಗೆ ಒಂದೆರಡು ನಿಮಿಷ. ಅದೂ ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು. ಈ ಜ್ಞಾನ ನನಗೆ ಬಂದದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಎಡಗಡೆಯ ಕೆಳದವಡೆಯ ಒಂದು ಹಲ್ಲು ಕೀಳಿಸಿಕೊಂಡ ಮೇಲೆ. ಎಲ್ಲರಿಗೂ ಬುದ್ಧಿಹಲ್ಲು ಬರುತ್ತದೆ. ನನಗೆ ಹಲ್ಲು ಹೋಗಿ ಬುದ್ಧಿ ಬಂತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ನನಗೆ ದೇವರು ಎರಡನ್ನೂ ಕೊಟ್ಟಿದ್ದ. ನಾನೇ ಉಳಿಸಿಕೊಳ್ಳಲಿಲ್ಲ.

ಇದರಲ್ಲಿ ನಾಚಿಕೆಗೇಡಿನ ಸಂಗತಿಯೆಂದರೆ, ಹಾಳಾಗುವ ಮುಂಚೆ ನೋಡಿಕೊಳ್ಳಿ ಎಂದು ಊರಿಗೆಲ್ಲ ಉಪದೇಶ ಮಾಡುವುದೇ ನನ್ನ ಹೊಟ್ಟೆಪಾಡು. ಮಾರೇನಹಳ್ಳಿ ಕಡೆಯ ಒಂದು ಬೈಕು-ಸ್ಕೂಟರಿನ ಸರ್ವಿಸ್ ಸೆಂಟರಿನಲ್ಲಿ ಗಿರಾಕಿಗಳನ್ನು ಮಾತಾಡಿಸಿ ಗಾಡಿ ಒಳಗೆ ತೆಗೆದುಕೊಳ್ಳುವವನು ನಾನು. ನನ್ನ ವಯಸ್ಸಿನ ಹುಡುಗರು ಬರುತ್ತಾರೆ, ಚೈನು ಜೋತಾಡುತ್ತಿರುತ್ತದೆ, ಎಣ್ಣೆ ಕಪ್ಪಾಗಿ ಕೀಲೆಣ್ಣೆಯಂತಾಗಿರುತ್ತದೆ. ಕೇಳಿದರೆ, "ಓಡ್ತಾ ಇದೆಯಲ್ಲ ಗುರು, ಸುಮ್ನೆ ಯಾಕೆ ಬಿಚ್ಚಿಸ್ಬೇಕು?" ಅನ್ನುತ್ತಾರೆ. ಆಗ ನಾನು ಪುರಾಣಿಕರ ಗತ್ತಿನಲ್ಲಿ ಕನ್ನಡಕ ಏರಿಸಿ, "ಸೌಂಡ್ ಬಂದ್ಮೇಲೆ ಬಂದ್ರೆ ನಾನೇನ್ ಮಾಡ್ಲಿ ಸಾರ್? ಸೌಂಡ್ ಬರೋಕ್ ಮುಂಚೆ ಬರ್ಬೇಕು" ಎನ್ನುತ್ತೇನೆ. ಈ ಮಾತಿಗೆ ನಮ್ಮ ಮ್ಯಾನೇಜರು ಒಮ್ಮೆ ಚಪ್ಪಾಳೆಯನ್ನೂ ತಟ್ಟಿದ್ದಾರೆ.

ಮನೆಯಲ್ಲಿ ನನಗೆ ಇನ್ನೊಂದು ಹುದ್ದೆಯಿತ್ತು. ಹೊಸಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪನ ಅಮ್ಮ, ನನ್ನ ಅಜ್ಜಿ, ಇದ್ದಾಳೆ. ಅವಳ ಕೋಡುಬಳೆಗೆ ಬೀದಿಯಲ್ಲೇ ಹೆಸರು. ಅಕ್ಕಿಹಿಟ್ಟು, ಹುರಿಗಡಲೆ ಪುಡಿ, ಒಣಮೆಣಸಿನಕಾಯಿ, ಇಂಗು, ಕೊನೆಗೆ ಹಿಟ್ಟಿನ ಮೇಲೆ ಚುರ್ರೆನ್ನುವ ಕಾದ ಎಣ್ಣೆ. ಆದರೆ ಅವಳಿಗೆ ಸ್ವಂತ ಹಲ್ಲಿಲ್ಲ, ಇರುವುದು ಹಲ್ಲಿನ ಸೆಟ್ಟು. ಆ ಸೆಟ್ಟಿಗೆ ಇಡ್ಲಿಯೇ ಹೆಚ್ಚು. ಹಾಗಾಗಿ ಕೋಡುಬಳೆಯ ಹದವನ್ನು ಅಜ್ಜಿ ನೋಡುತ್ತಿದ್ದದ್ದು ಕಿವಿಯಿಂದ. ಮೊದಲ ಒಬ್ಬೆ ಬಾಣಲೆಯಿಂದ ತೆಗೆದ ಕೂಡಲೇ ನನ್ನನ್ನು ದಿವಾನದ ಮೇಲೆ ಕೂರಿಸಿ, ತಾನು ನನ್ನ ಎಡಗಡೆ ಕೂತು, ಬಲಗಿವಿಯನ್ನು ನನ್ನ ಕೆನ್ನೆಗೆ ತಂದು ಹಿಡಿಯುತ್ತಿದ್ದಳು. ಅವಳ ಎಡಗಿವಿ ಮಂದ. ನಾನು ಎಡ ದವಡೆಯಲ್ಲಿ ಕಡಿಯುವವನು. ದೇವರು ನಮ್ಮಿಬ್ಬರನ್ನೂ ಅಳತೆ ತೆಗೆದುಕೊಂಡೇ ಮಾಡಿದ್ದ. "ತಾಳು" ಎಂದು ಕೈ ಎತ್ತುತ್ತಿದ್ದಳು, ಬೀದಿಯಾಚೆಯ ಸೇತುವೆಯ ಮೇಲೆ ಮೆಟ್ರೋ ರೈಲು ಹೋಗುತ್ತಿದ್ದರೆ ಅದು ದಾಟುವ ತನಕ. ಆಮೇಲೆ, "ಹೂಂ, ಕಡಿ." ಕರುಂ ಎಂದರೆ ಅಜ್ಜಿಯ ಮುಖ ಅರಳುತ್ತಿತ್ತು, ತಾನೇ ತಿಂದಷ್ಟು. "ಬಂತು ಹದ" ಎಂದು ಎದ್ದು ಮಿಕ್ಕ ಹಿಟ್ಟಿಗೆ ಕೈ ಹಾಕುತ್ತಿದ್ದಳು. ನಾನು ಚಿಕ್ಕವನಾಗಿದ್ದಾಗಿನಿಂದ ಅಜ್ಜಿಯ ಹಲ್ಲು ನಾನೇ ಆಗಿದ್ದೆ.

ಎರಡು ವರ್ಷದ ಹಿಂದೆ ಅಜ್ಜಿಯ ಸೆಟ್ಟು ಸಡಿಲವಾಗಿದೆಯೆಂದು ವಿಜಯನಗರದ ಒಬ್ಬ ದಂತವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಕೆಳಗೆ ಬೇಕರಿ, ಮೇಲೆ ಕ್ಲಿನಿಕ್. ಇಬ್ಬರ ವ್ಯಾಪಾರವೂ ಒಬ್ಬರನ್ನೊಬ್ಬರು ನೆಚ್ಚಿಕೊಂಡ ಹಾಗಿತ್ತು. ಅಜ್ಜಿ ಹೊರಗೆ ಬಾಯಿ ಮುಕ್ಕಳಿಸುತ್ತಿದ್ದಾಗ ಡಾಕ್ಟರು, "ಬಂದಿದ್ದೀರಲ್ಲ, ನೀವೂ ಒಂದ್ಸಲ ಬಾಯಿ ತೆಗೀರಿ" ಅಂದರು. ತೆಗೆದೆ. ಒಂದು ಕಡ್ಡಿಯಂಥದ್ದರಲ್ಲಿ ಅಲ್ಲಲ್ಲಿ ತಟ್ಟಿ ನೋಡಿದರು.

"ಎಡಗಡೆ ಕೆಳಗೆ ಸಣ್ಣ ಹುಳುಕು ಶುರುವಾಗಿದೆ. ಈಗ ತುಂಬಿಬಿಟ್ರೆ ಚಿಟಿಕೆ ಹೊಡೆಯೋದ್ರಲ್ಲಿ ಮುಗೀತು."

"ನೋವೇ ಇಲ್ವಲ್ಲ ಡಾಕ್ಟ್ರೇ?"

"ನೋವು ಬಂದ್ಮೇಲೆ ಬಂದ್ರೆ ನಾನೇನ್ ಮಾಡ್ಲಿ ಹೇಳಿ? ನೋವು ಬರೋಕ್ ಮುಂಚೆ ಬರ್ಬೇಕು."

ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಎಲ್ಲಿ ಎಂದು ಮಾತ್ರ ಹೊಳೆಯಲಿಲ್ಲ. ಮುಂದಿನ ವಾರ ಬರುತ್ತೇನೆಂದು ಎದ್ದೆ. ಡಾಕ್ಟರು, ರಾತ್ರಿಯೂ ಹಲ್ಲುಜ್ಜಿ, ಆರು ತಿಂಗಳಿಗೊಮ್ಮೆ ತೋರಿಸಿ, ಸಂದಿಗಳನ್ನು ಇದರಲ್ಲಿ ಸ್ವಚ್ಛ ಮಾಡಿಕೊಳ್ಳಿ ಎಂದು ಒಂದು ಪುಟ್ಟ ಡಬ್ಬಿ ದಾರವನ್ನೂ ಕೊಟ್ಟರು. ಮೆಟ್ಟಿಲಿಳಿಯುವಾಗ ಅಜ್ಜಿ, "ನಿಂದೂ ನೋಡಿದ್ರಾ? ಏನಂದ್ರು?" ಅಂದಳು. "ಕಲ್ಲಿನ ಹಾಗಿದೆಯಂತೆ ಅಜ್ಜಿ" ಅಂದೆ. ಅಜ್ಜಿ ಹಿಗ್ಗಿ ಕೆಳಗಿನ ಬೇಕರಿಯಲ್ಲಿ ನನಗೆ ಹನಿಕೇಕು ಕೊಡಿಸಿದಳು. ಹುಳುಕು ಅನ್ನುವುದು ಯಾವಾಗಲೂ ಬೇರೆಯವರ ಮನೆಯಲ್ಲಿ ಇರುವಂಥದ್ದು ಎಂದೇ ನಮ್ಮ ಮನೆಯವರ ನಂಬಿಕೆ. ಅದನ್ನು ಮುರಿಯಲು ನನಗೆ ಧೈರ್ಯವಾಗಲಿಲ್ಲ. ದಾರದ ಡಬ್ಬಿ ಅಜ್ಜಿಯ ಕೈಗೆ ಸಿಕ್ಕಿತು. ಗಟ್ಟಿಯಾಗಿದೆ, ಜಾರುವುದಿಲ್ಲ ಎಂದು ಅದರಲ್ಲೇ ಮಲ್ಲಿಗೆ ಕಟ್ಟಿದಳು. ಒಂದಷ್ಟು ದಿನ ನಮ್ಮ ದೇವರ ಕೋಣೆಯಲ್ಲೆಲ್ಲ ಪುದೀನಾ ವಾಸನೆ.

ಮುಂದಿನ ವಾರ ಅನ್ನುವುದು ಬಹಳ ಒಳ್ಳೆಯ ವಾರ. ಎಷ್ಟು ಕೆಲಸ ಹೇರಿದರೂ ತಾಳಿಕೊಳ್ಳುತ್ತದೆ. ವರ್ಷ ಕಳೆಯುವಷ್ಟರಲ್ಲಿ ತಣ್ಣೀರು ಕುಡಿದರೆ ಜುಂ ಎನ್ನತೊಡಗಿತು. ಆಮೇಲೆ ಬಿಸಿಗೂ ಜುಂ. ಆಮೇಲೆ ಏನೂ ಕುಡಿಯದಿದ್ದರೂ ಜುಂ. ಡಾಕ್ಟರ ಹತ್ತಿರ ಹೋದರೆ ಬೈಯುತ್ತಾರೆಂದು, ಅಡುಗೆಮನೆಯ ಮಸಾಲೆ ಡಬ್ಬಿಯಿಂದ ಲವಂಗ ಕದ್ದು ಹಲ್ಲಿನಲ್ಲಿ ಒತ್ತಿಟ್ಟುಕೊಳ್ಳುತ್ತಿದ್ದೆ. "ಮೊನ್ನೆ ತಾನೆ ತಂದಿದ್ನಲ್ಲ, ನಮ್ಮನೆ ಇಲಿಗೆ ಲವಂಗದ ಚಟ ಯಾವಾಗ ಹತ್ತಿತೋ" ಎಂದು ಅಜ್ಜಿ ಗೊಣಗಿಕೊಂಡಳು. ಒಂದು ದಿನ ಇದ್ದಕ್ಕಿದ್ದಂತೆ ನೋವು ಮಾಯ! ತಣ್ಣೀರಿಗೂ ಇಲ್ಲ, ಬಿಸಿಗೂ ಇಲ್ಲ. ನನ್ನ ಸಂತೋಷ ಕೇಳಬೇಡಿ. ಡಾಕ್ಟರುಗಳೆಲ್ಲ ಹೆದರಿಸುವವರು, ನಮ್ಮ ಹಿಂದಿನವರು ಬುದ್ಧಿವಂತರು ಎಂದು ಸರ್ವಿಸ್ ಸೆಂಟರಿನಲ್ಲಿ ಭಾಷಣವನ್ನೇ ಬಿಗಿದೆ. ಇಬ್ಬರು ಸಹೋದ್ಯೋಗಿಗಳು ಅವತ್ತಿನಿಂದ ಜೇಬಿನಲ್ಲಿ ಲವಂಗ ಇಟ್ಟುಕೊಂಡು ಓಡಾಡಿದರು. ಅವರ ಹಲ್ಲುಗಳ ಪಾಪವೂ ನನ್ನ ತಲೆಯ ಮೇಲಿದೆ.

ಈ ಸಲದ ಗೋಕುಲಾಷ್ಟಮಿ ಬಂತು. ಹಿಟ್ಟು ಕಲಸಿದ್ದಾಯಿತು, ಮೊದಲ ಒಬ್ಬೆ ಇಳಿಯಿತು, ದಿವಾನದ ಮೇಲೆ ಇಬ್ಬರೂ ಕೂತೆವು, ಮೆಟ್ರೋ ದಾಟಿತು. "ಹೂಂ, ಕಡಿ."

ಕರುಂ. ಅದರ ಹಿಂದೆಯೇ, ಕಟ್.

"ಇದೇನೋ ಶಶಿ, ಇವತ್ತು ಎರಡು ಸಲ ಕೇಳಿಸ್ತು?" ಅಂದಳು ಅಜ್ಜಿ.

ನನ್ನ ನಾಲಗೆಗೆ ಹಲ್ಲಿನ ಒಂದು ಹೋಳು ಸಿಕ್ಕಿತ್ತು. ಉಗುಳಿದೆ. ಕೋಡುಬಳೆಯ ಚೂರಿನ ಜೊತೆ ಅಜ್ಜಿಯ ಅಂಗೈಯಲ್ಲೇ ಬಿತ್ತು. ಅವಳು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಮುಖ ಬಿಳಿಚಿಕೊಂಡಿತು. "ಅಯ್ಯೋ ನನ್ನ ಕರ್ಮವೇ! ಕಾದೆಣ್ಣೆ ಹಾಕೋದು ಮರೆತ್ನೇನೋ, ಕಲ್ಲಾಗಿಬಿಟ್ಟಿದೆ. ಕಲ್ಲಿನಂಥ ಹಲ್ಲು ಕಣೋ ನಿಂದು! ಡಾಕ್ಟ್ರೇ ಹೇಳಿದ್ರಲ್ಲೋ!"

ಅಜ್ಜಿ ಎಣ್ಣೆ ಹಾಕುವುದನ್ನು ಮರೆತಿರಲಿಲ್ಲ. ಚುರ್ರೆಂದದ್ದನ್ನು ನಾನೇ ಕೇಳಿದ್ದೆ. ಆಗಲೇ ಬಾಯಿ ಬಿಡಬೇಕಿತ್ತು. ಬಾಯಿ ಬಿಟ್ಟರೆ ಎರಡು ವರ್ಷದ ಹುಳುಕೆಲ್ಲ ಬಯಲಾಗುತ್ತದಲ್ಲ ಎಂದು ಕೆನ್ನೆ ಹಿಡಿದುಕೊಂಡು ಸುಮ್ಮನೆ ಕೂತೆ. ನೋವಿನಿಂದ ಮಾತಾಡಲಾಗುತ್ತಿಲ್ಲ ಎಂದು ಅವಳು ತಿಳಿದುಕೊಂಡಳು. ನಿಜ ಹೇಳಬೇಕೆಂದರೆ ಅಷ್ಟೇನೂ ನೋವಿರಲಿಲ್ಲ.

ಅವತ್ತೇ ಒಬ್ಬನೇ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮಧ್ಯೆ ನೋವು ನಿಂತುಹೋಗಿತ್ತಾ?" ಎಂದು ಕೇಳಿದರು. ಹೌದು, ಲವಂಗದಿಂದ ವಾಸಿಯಾಯಿತು ಅಂದೆ. "ವಾಸಿಯಾಗಿದ್ದಲ್ಲ ಅದು. ಒಳಗಿನ ನರ ಸತ್ತುಹೋಗಿತ್ತು. ಆಗ್ಲಾದ್ರೂ ಬಂದಿದ್ರೆ ರೂಟ್ ಕೆನಾಲ್ ಮಾಡಿ ಉಳಿಸ್ಬಹುದಿತ್ತು. ಈಗ ಬೇರಿನವರೆಗೂ ಸೀಳಿದೆ, ತೆಗೀಲೇಬೇಕು." ನಾನು ಹಬ್ಬ ಮಾಡಿದ್ದು ನನ್ನದೇ ಹಲ್ಲಿನ ಸಾವಿಗೆ ಎಂದು ಗೊತ್ತಾಗಿ ಕುರ್ಚಿಯಲ್ಲಿ ಕುಗ್ಗಿಹೋದೆ. ಹಲ್ಲು ಮತ್ತೆ ಬರುವುದಿಲ್ಲವೇ ಎಂದು ಇನ್ನೇನು ಕೇಳಿಯೇಬಿಡುವವನಿದ್ದೆ. ಚಿಕ್ಕಂದಿನಲ್ಲಿ ಹಾಲುಹಲ್ಲು ಬಿದ್ದಾಗ ಅಜ್ಜಿ ಅದನ್ನು ಸಗಣಿಯುಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯಿಸುತ್ತಿದ್ದಳು, ಸ್ವಲ್ಪ ದಿನಕ್ಕೆ ಹೊಸದು ಬರುತ್ತಿತ್ತು. ಸೂರು ಕೊಡುವುದು ಒಂದೇ ಸಲ ಎಂಬುದು ಯಾಕೋ ನನ್ನ ತಲೆಗೆ ಹತ್ತಿರಲಿಲ್ಲ. ಕಿತ್ತ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು, ಜೇಬಿಗಿಟ್ಟುಕೊಂಡು ಬಂದೆ.

ಮನೆಯಲ್ಲಿ ಗೋಕುಲಾಷ್ಟಮಿಯ ಕಳೆಯೇ ಇರಲಿಲ್ಲ. ಉಳಿದ ಹಿಟ್ಟು ಹಾಗೆಯೇ ಒಣಗುತ್ತಿತ್ತು. ಅಜ್ಜಿ ಬಾಣಲೆಯನ್ನು ತಿಕ್ಕಿ ತೊಳೆದು ಅಟ್ಟಕ್ಕೆ ಏರಿಸಿಬಿಟ್ಟಿದ್ದಳು. ಪಕ್ಕದ ಮನೆಯ ಆಂಟಿಗೆ ಕಾಂಪೌಂಡಿನ ಮೇಲಿಂದ, "ಇನ್ನು ಕೋಡುಬಳೆ ಸಹವಾಸ ಸಾಕಮ್ಮ. ಮೊಮ್ಮಗನ ಹಲ್ಲು ನನ್ನ ಕೈಯಾರೆ ಮುರಿದೆ" ಎಂದು ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಬಾಗಿಲಲ್ಲಿ ನಿಂತು ಕೇಳಿದೆ. ಸಂಕಟವಾಯಿತು. ಹಲ್ಲಿನದಲ್ಲ. ಒಳಗೆ ಬಂದವಳ ಕೈಯಲ್ಲಿ ಹತ್ತಿಯ ಸುರುಳಿ ಇಟ್ಟೆ. ಬಾಯಿತುಂಬ ಹತ್ತಿ ಕಚ್ಚಿಕೊಂಡಿದ್ದರಿಂದ ವಿವರಿಸಲು ಆಗುತ್ತಿರಲಿಲ್ಲ. ಹಲ್ಲೇ ಹೇಳಲಿ ಎಂದು ಬಿಟ್ಟೆ.

ಅಜ್ಜಿ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹಲ್ಲಿನ ಹೊಟ್ಟೆಯೆಲ್ಲ ಕರ್ರಗೆ ಟೊಳ್ಳಾಗಿತ್ತು. "ಇದನ್ನ ಕೋಡುಬಳೆ ಮಾಡಿಲ್ಲ" ಅಂದಳು ನಿಧಾನವಾಗಿ. "ಎಷ್ಟು ದಿನದಿಂದ ಸಾಕಿದೀಯೋ ಇದನ್ನ?" ಎರಡು ಬೆರಳು ತೋರಿಸಿದೆ. "ಎರಡು ವರ್ಷ! ಹಾಗಾದ್ರೆ ಆವತ್ತೇ ಡಾಕ್ಟ್ರು ಹೇಳಿದ್ರು?" ತಲೆಯಾಡಿಸಿದೆ. "ಲವಂಗದ ಇಲಿನೂ ನೀನೇ?" ಅದಕ್ಕೂ ತಲೆಯಾಡಿಸಿದೆ. ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತೆ. ಅಜ್ಜಿ ಬೈಯಲಿಲ್ಲ, ದಿವಾನದ ಮೇಲೆ ಕೂತುಬಿಟ್ಟಳು.

"ನಮ್ಮ ಕಾಲದಲ್ಲಿ ಯಾರಿದ್ರೋ ಹೇಳೋಕೆ? ಇದ್ದಿಲು ಕೊಟ್ರು, ಉಜ್ಜಿದೆ. ನೋವು ಬಂತು, ಕಿತ್ತರು. ನಿಂಗೆ ಕೂರಿಸ್ಕೊಂಡು ಹೇಳಿದ್ರಲ್ಲೋ ಮಗ."

ಸೂರಿನ ಮೇಲೆ ಎಸೆಯಲೇ ಎಂದು ಕೈಸನ್ನೆಯಲ್ಲಿ ಕೇಳಿದೆ, ಅವಳನ್ನು ನಗಿಸೋಣವೆಂದು. ಅಜ್ಜಿ ನಗಲಿಲ್ಲ. "ಬೇಡ. ಬರ್ದೇ ಇರೋದಕ್ಕೆ ಸುಮ್ನೆ ಯಾಕೆ ಕಾಯೋದು" ಅಂದಳು.

ಈಗ ನಾನು ರಾತ್ರಿಯೂ ಹಲ್ಲುಜ್ಜುತ್ತೇನೆ. ನೋವೇ ಇಲ್ಲದ ಇನ್ನೆರಡು ಹುಳುಕುಗಳನ್ನು ತುಂಬಿಸಿಕೊಂಡಿದ್ದೇನೆ. ಚಿಟಿಕೆ ಹೊಡೆಯುವುದರಲ್ಲೇ ಮುಗಿಯಿತು, ಅದೇ ಹೊಟ್ಟೆ ಉರಿಯುವ ವಿಷಯ. ಹೊಸ ದಾರದ ಡಬ್ಬಿಯನ್ನು ಮಲ್ಲಿಗೆಯಿಂದ ದೂರ ಬಚ್ಚಿಟ್ಟಿದ್ದೇನೆ. ಖಾಲಿ ಜಾಗಕ್ಕೆ ಕಟ್ಟಿಸಿದ ಹಲ್ಲು ಕೂರಿಸಬಹುದಂತೆ, ಗಾಯ ಪೂರ್ತಿ ಮಾಗಿದ ಮೇಲೆ. ಸರ್ವಿಸ್ ಸೆಂಟರಿನಲ್ಲಿ "ಓಡ್ತಾ ಇದೆಯಲ್ಲ" ಅನ್ನುವ ಹುಡುಗರಿಗೆ ಈಗ ಉಪದೇಶ ಮಾಡುವುದಿಲ್ಲ, ಬಾಯಿ ಅಗಲಿಸಿ ಎಡಗಡೆ ತೋರಿಸುತ್ತೇನೆ. ಕೆಲವರು ಗಾಡಿ ಬಿಟ್ಟು ಹೋಗುತ್ತಾರೆ, ಕೆಲವರು ಗಾಡಿ ತೆಗೆದುಕೊಂಡು ಓಡುತ್ತಾರೆ.

ದೀಪಾವಳಿಗೆ ಅಟ್ಟದಿಂದ ಬಾಣಲೆಯನ್ನು ನಾನೇ ಇಳಿಸಿದೆ. ಅಜ್ಜಿ ಬೇಡ ಬೇಡ ಅನ್ನುತ್ತಲೇ ಹಿಟ್ಟು ಕಲಸಿದಳು. ಮೊದಲ ಒಬ್ಬೆ ಇಳಿದಾಗ ಹೊಸ ತೊಡಕು ಬಂತು. ನಾನೀಗ ಬಲಗಡೆ ಕಡಿಯಬೇಕು. ಅಜ್ಜಿ ಬಲಗಡೆ ಬಂದು ಕೂತರೆ ಅವಳ ಮಂದ ಕಿವಿ ನನ್ನ ಕಡೆಗೆ. ಬಹಳ ಯೋಚಿಸಿ, ಒಂದು ಕುರ್ಚಿಯನ್ನು ನನ್ನ ಬಲಗಡೆ ತಿರುಗಿಸಿ ಹಾಕಿದೆವು. ನಾನು ಟಿವಿಯ ಕಡೆ ಮುಖ ಮಾಡಿಕೊಂಡು, ಅಜ್ಜಿ ಗೋಡೆಯ ಕಡೆ ಮುಖ ಮಾಡಿಕೊಂಡು, ಜಗಳವಾಡಿದವರ ಹಾಗೆ ಕೂತೆವು. ಮೆಟ್ರೋ ದಾಟಿತು. ಕಡಿದೆ. ಹೆದರಿ ಹೆದರಿ ಕಡಿದದ್ದಕ್ಕೋ ಏನೋ, ಕರುಂ ಅನ್ನಲಿಲ್ಲ, ಕುರುಕ್ ಅಂದಿತು.

ಅಜ್ಜಿ ಏಳಲಿಲ್ಲ, ಗೋಡೆಯನ್ನೇ ನೋಡುತ್ತಾ ಬಲಗಿವಿಯನ್ನು ನನ್ನ ಕೆನ್ನೆಗೆ ಇನ್ನಷ್ಟು ಒತ್ತಿದಳು.

"ಹದ ಬಂದಿಲ್ವಾ ಅಜ್ಜಿ?" ಅಂದೆ.

"ಕೋಡುಬಳೆದು ಬಂದಿದೆ" ಅಂದಳು. "ನಿಂದು ತಪ್ಪಿದೆ ಕಣೋ."